ಹ್ಯಾಂಬರ್ಗಿನ ಕಿರುರೈಲಿನ ಲೋಕ

ಜರ್ಮನಿ ದೇಶದ ಉತ್ತರಭಾಗದಲ್ಲಿ ಎಲ್ಬೆ ನದಿಯ ತೀರದಲ್ಲಿರುವ ಹ್ಯಾಂಬರ್ಗ್ ಪಟ್ಟಣವು ಪುರಾತನಕಾಲದಿಂದಲೂ ನೌಕಾವಾಣಿಜ್ಯಕ್ಕೆ ಪ್ರಸಿದ್ಧವಾದುದು. ಇಲ್ಲಿಂದ ಸಮುದ್ರವು ಸುಮಾರು ನೂರು ಕಿಲೋಮೀಟರು ದೂರವಿದ್ದರೂ ಮಹಾನೌಕೆಗಳು ನದಿಯೊಳಗಾಗಿಯೇ ಊರಿನ ಮಗ್ಗುಲಿಗೆ ಬಂದು ನಿಲ್ಲುತ್ತವೆ. ಆ ನೌಕೆಗಳು ತಂದ ಕಾಫಿ, ಚಹ, ಸಂಬಾರಪದಾರ್ಥ, ರತ್ನಗಂಬಳಿ ಮೊದಲಾದ ಸರಕುಗಳನ್ನು ಶೇಖರಿಸುವುದಕ್ಕಾಗಿ 1885ರಿಂದ 1927ರವರೆಗೆ ಕಟ್ಟಿದ ಉಗ್ರಾಣಗಳ ಸಾಲೊಂದು ಅಲ್ಲಿದೆ. ಇದನ್ನು ಆ ದೇಶದವರು ಶ್ಪೈಖರ್‌ಶ್ಟಾಟ್, ಅಂದರೆ ಉಗ್ರಾಣಗಳ ಪಟ್ಟಣ, ಎಂದು ಕರೆಯುವರು. ಕೆಂಪು ಇಟ್ಟಿಗೆಯ ಈ ಎತ್ತರವಾದ ಕಟ್ಟಡಗಳು ಕಾಲುವೆಗಳ ನಡುವಣ ಕಿರುದ್ವೀಪಗಳಲ್ಲಿ ಓಕ್ ಮರದ ಕಂಬಗಳನ್ನು ನೆಲಕ್ಕೆ ಹೊಡೆದು ಅವುಗಳ ಮೇಲೆ ನಿಲ್ಲಿಸಿದವು. 2015ರಲ್ಲಿ ಇವು ವಿಶ್ವಪರಂಪರೆಯ ಸ್ಥಳಗಳ ಪಟ್ಟಿಗೆ ಸೇರಿದುವು.

ಬೌಮ್‌ವಾಲ್ ಎಂಬ ಸ್ಟೇಷನ್ನಿನಲ್ಲಿ ನಗರದ ರೈಲಿನಿಂದಿಳಿದು, ಸೇತುವೆಯನ್ನು ದಾಟಿ ಕೆಲವು ನಿಮಿಷ ನಡೆದರೆ, ಈ ಉಗ್ರಾಣಗಳಲ್ಲೊಂದರೊಳಗೆ ಜಗತ್ತಿನಲ್ಲೇ ಅತ್ಯಂತ ದೊಡ್ಡದೆಂದು ಹೆಸರಾದ ಕಿರುರೈಲಿನ ಪ್ರದರ್ಶನವು ಸಿಗುತ್ತದೆ. ಅದರ ಹೆಸರು ಮಿನಿಯಾಟೂರ್ ವುಂಡರ್‌ಲಾಂಡ್. ಕಿರಿದಾದುದರ ವಿಸ್ಮಯಲೋಕ ಎಂದು ಹೇಳಬಹುದು. ಜನಸಂದಣಿಯು ಅತಿಯಾಗಿರುವುದರಿಂದ ಹೋಗುವ ದಿನವನ್ನೂ ಹೊತ್ತನ್ನೂ ಮೊದಲೇ ಗೊತ್ತುಮಾಡಿ ಚೀಟಿ ಪಡೆದಿರುವುದು ಲೇಸು.

ಇದನ್ನು ಆರಂಭಿಸಿದವರು ಫ್ರೆಡರಿಕ್ ಬ್ರೌನ್ ಮತ್ತು ಗೆರಿಟ್ ಬ್ರೌನ್ ಎಂಬ ಅವಳಿ ಸಹೋದರರು. 2000ದಲ್ಲಿ ಫ್ರೆಡರಿಕರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಆಟದ ರೈಲಿನ ಅಂಗಡಿಯೊಂದನ್ನು ಕಂಡು, ಬಾಲ್ಯದ ಅಭಿಲಾಷೆಯು ಮರುಕಳಿಸಲು, ಊರಿನಲ್ಲಿದ್ದ ಸಹೋದರನಿಗೆ ಕೂಡಲೇ ಟೆಲಿಫೋನು ಮಾಡಿದರಂತೆ. ಮರುವರ್ಷ, 2001ರ ಆಗಸ್ಟ್ 16ರಂದು, ಪ್ರದರ್ಶನದ ಬಾಗಿಲು ತೆರೆಯಿತು. ಅಂದಿನಿಂದ ಅದು ಬೆಳೆಯುತ್ತಲೇ ಇದೆ: 2003ರಲ್ಲಿ ಅಮೆರಿಕ, 2005ರಲ್ಲಿ ಸ್ಕ್ಯಾಂಡಿನೇವಿಯ, 2007ರಲ್ಲಿ ಸ್ವಿಟ್ಜರ್ಲೆಂಡ್, 2016ರಲ್ಲಿ ಇಟಲಿ, ಹೀಗೆ ಒಂದೊಂದು ಸೀಮೆಯೂ ಸೇರುತ್ತ ಬಂದಿತು.

ಒಳಗೆ ಕಾಣುವುದನ್ನು ಸ್ಥಾಲೀಪುಲಾಕನ್ಯಾಯದಿಂದ ಒಂದೆರಡು ಮಾತುಗಳಲ್ಲಿ ತಿಳಿಸುವೆನು. ಹದಿನೈದು ಕಿಲೋಮೀಟರಿಗೂ ಮೀರಿದ ಕಂಬಿಗಳ ಮೇಲೆ ಸಾವಿರಕ್ಕೂ ಹೆಚ್ಚು ಗಾಡಿಗಳಿವೆ. ಎಲ್ಲವೂ ನಿಜವಾದ ವಸ್ತುವಿನ ಎಂಬತ್ತೇಳರಲ್ಲೊಂದು ಪಾಲಿನ ಅಳತೆಯವಾದುದರಿಂದ ಈ ಹದಿನೈದು ಕಿಲೋಮೀಟರು ನಿಜಲೋಕದ ಸುಮಾರು 1,300 ಕಿಲೋಮೀಟರಿಗೆ ಸಮ. ಸ್ವಿಟ್ಜರ್ಲೆಂಡಿನ ಪರ್ವತವು ಸುಮಾರು ಆರು ಮೀಟರು ಎತ್ತರವಾಗಿ ಮೇಲಣ ಅಂತಸ್ತಿನೊಳಕ್ಕೂ ಏರಿದೆ. ಸ್ಕ್ಯಾಂಡಿನೇವಿಯದ ಕಡಲಿನಲ್ಲಿ ನಿಜವಾದ ನೀರೇ ತುಂಬಿ ಹಡಗುಗಳು ಸಂಚರಿಸುತ್ತವೆ. 2011ರಲ್ಲಿ ತೆರೆದ ವಿಮಾನನಿಲ್ದಾಣದಲ್ಲಿ ಪುಟ್ಟ ವಿಮಾನಗಳು ಓಡಿ ಮೇಲೇಳುತ್ತವೆ. ಕ್ನುಫಿಂಗನ್ ಎಂಬ ಕಲ್ಪಿತಪಟ್ಟಣದಲ್ಲಿ ಬೆಂಕಿ ಹತ್ತಿದರೆ ಅಗ್ನಿಶಾಮಕದ ಬಂಡಿಗಳು ಸಾಲುಗೂಡಿ ಧಾವಿಸುತ್ತವೆ. ಕಾಲು ಗಂಟೆಗೊಮ್ಮೆ ಹಗಲು ಕಂದಿ ರಾತ್ರಿಯಾಗಲು, ಲಕ್ಷಾಂತರ ದೀಪಗಳು ಬೆಳಗುತ್ತವೆ.

ಇಷ್ಟನ್ನು ಕಂಡವರು ಬೆರಗಾಗಿ ಹಿಂತಿರುಗುವುದು ಸಹಜ. ಆದರೆ ಗೃಹಸ್ಥನು ಅಲ್ಲಿ ನೋಡತಕ್ಕದ್ದು ಗಾತ್ರವನ್ನಲ್ಲ. ಅದು ದಿನದಿನವೂ ನಿಲ್ಲದೆ ನಡೆಯುವ ಬಗೆಯನ್ನು. ನಮ್ಮ ಮನೆಗಳಲ್ಲಿ ಮಗುವಿಗೆಂದು ಬೆಲೆಯುಳ್ಳ ರೈಲನ್ನು ತಂದು, ಎರಡು ದಿನ ಸುತ್ತಿಸಿ, ಮೂರನೆಯ ದಿನ ಎಂಜಿನ್ನು ಮುಗ್ಗರಿಸಲು ಬೇಸತ್ತು, ತಿಂಗಳು ತುಂಬುವುದರೊಳಗೆ ಅಟ್ಟಕ್ಕೇರಿಸುವುದುಂಟು. ಹಣವು ಹೋದುದಷ್ಟೇ ಅಲ್ಲ, ಯಂತ್ರವೆಂಬುದು ತನ್ನ ಕೈಗೆ ಬಗ್ಗುವುದಲ್ಲವೆಂಬ ಭಾವನೆಯು ಮಗುವಿನಲ್ಲಿ ನೆಲೆಗೊಳ್ಳುವುದು. ಇದು ದೊಡ್ಡ ನಷ್ಟ. ಹ್ಯಾಂಬರ್ಗಿನವರು ಪಾಲಿಸುವ ನಿಯಮಗಳನ್ನು ಸಣ್ಣ ಪ್ರಮಾಣದಲ್ಲಿ ಅನುಸರಿಸಿದರೆ ಈ ನಷ್ಟವನ್ನು ತಪ್ಪಿಸಬಹುದು.

ಮೊದಲನೆಯದು ಅಳತೆ. ಯೂರೋಪಿನ ಕಂಬಿಗಳ ನಡುವಣ ಅಂತರವು 1,435 ಮಿಲಿಮೀಟರು. ಅದನ್ನು 87ರಿಂದ ಭಾಗಿಸಿದರೆ ಹದಿನಾರೂವರೆ ಮಿಲಿಮೀಟರು ಬರುವುದು. ಹ್ಯಾಂಬರ್ಗಿನಲ್ಲಿ ಓಡುವ ಗಾಡಿಗಳು ಬಹುಮಟ್ಟಿಗೆ ಇವೇ. ನಮ್ಮ ದೇಶದ ಅಗಲಕಂಬಿಯು 1,676 ಮಿಲಿಮೀಟರಾದುದರಿಂದ ಅದೇ ಪ್ರಮಾಣದಲ್ಲಿ ಹತ್ತೊಂಬತ್ತಕ್ಕೂ ಮೀರಬೇಕು. ಆದರೂ ಸುಲಭವಾಗಿ ದೊರೆಯುವ ಹದಿನಾರೂವರೆಯ ಕಂಬಿಯನ್ನೇ ಬಳಸುವುದು ಜಾಣತನ. ಸ್ಥಳವು ತೀರ ಕಡಮೆಯಿದ್ದವರಿಗೆ ನೂರರವತ್ತರಲ್ಲೊಂದು ಪಾಲಿನ, ಒಂಬತ್ತು ಮಿಲಿಮೀಟರು ಅಂತರದ ಗಾಡಿಗಳುಂಟು. ಅವು ಚಿಕ್ಕ ಮಕ್ಕಳ ಕೈಗೆ ಅಷ್ಟು ಒಗ್ಗುವುದಿಲ್ಲ.

ಎರಡನೆಯದು ಹಲಗೆ. ನಮ್ಮಲ್ಲಿ ಪ್ಲೈವುಡ್ ಹಲಗೆಯು ಎಂಟಡಿ ಉದ್ದ, ನಾಲ್ಕಡಿ ಅಗಲದ್ದಾಗಿ ಸಿಗುತ್ತದೆ. ಹನ್ನೆರಡು ಮಿಲಿಮೀಟರು ದಪ್ಪದ್ದನ್ನು ತಂದು, ಕೆಳಗೆ ಮರದ ಚೌಕಟ್ಟನ್ನು ಕೊಟ್ಟು, ಎರಡು ಮೈಗೂ ಅಂಚಿಗೂ ಬಣ್ಣ ಬಳಿಯಬೇಕು. ಇಲ್ಲವಾದರೆ ಮಳೆಗಾಲದ ತೇವಕ್ಕೆ ಮರವು ಉಬ್ಬಿ ಕಂಬಿಗಳು ಡೊಂಕಾಗುವುವು. ಹಲಗೆಯನ್ನು ಗೋಡೆಗೆ ತಾಗಿಸಿಟ್ಟರೆ ಆಚೆಯ ಕಂಬಿಗೆ ಕೈ ನಿಲುಕದು. ಯಾವ ಗಾಡಿಯೂ ಕೈಗೆಟುಕದ ಕಡೆಯೇ ಕಂಬಿ ತಪ್ಪುವುದೆಂಬುದು ಈ ವಿದ್ಯೆಯನ್ನು ಬಲ್ಲವರ ಅನುಭವ. ಆದುದರಿಂದ ಎರಡೂವರೆ ಅಡಿಗಿಂತ ದೂರದಲ್ಲಿ ಏನನ್ನೂ ಇಡಬಾರದು; ಸುರಂಗವನ್ನು ಕಟ್ಟಿದರೆ ಅದರ ಹಿಂಬದಿಯನ್ನು ತೆರೆದೇ ಬಿಡಬೇಕು. ಹ್ಯಾಂಬರ್ಗಿನಲ್ಲಿಯೂ ಗಾಡಿಗಳು ವಿಶ್ರಮಿಸುವ ಗುಪ್ತನಿಲ್ದಾಣಗಳು ಬೆಟ್ಟಗಳಡಿಯಲ್ಲಿವೆ. ಕೆಲಸಗಾರರು ಅವನ್ನು ಮುಟ್ಟುವಂತೆ ಮಾರ್ಗಗಳನ್ನು ಬಿಟ್ಟಿದ್ದಾರೆ.

ಮೂರನೆಯದು ತಿರುವು ಮತ್ತು ಏರು. ಪೆಟ್ಟಿಗೆಯೊಡನೆ ಬರುವ ಕಂಬಿಗಳು ಸುಮಾರು ಮೂವತ್ತಾರು ಸೆಂಟಿಮೀಟರು ತ್ರಿಜ್ಯದವು. ಉದ್ದನೆಯ ಡಬ್ಬಿಗಳಿಗೆ ಇದು ಇಕ್ಕಟ್ಟು. ನಾಲ್ಕಡಿಯ ಹಲಗೆಯಲ್ಲಿ ಐವತ್ತು ಸೆಂಟಿಮೀಟರಿನ ತ್ರಿಜ್ಯವು ಹಿಡಿಸುತ್ತದೆ; ಅದನ್ನೇ ಆರಿಸಬೇಕು. ಹಾಗೆ ಹಾಸಿದ ಒಂದು ಸುತ್ತಿನ ಉದ್ದವು ಸುಮಾರು ಐದೂವರೆ ಮೀಟರು. ಮಕ್ಕಳು ಸೇತುವೆ ಬೇಕೆಂದು ಕೇಳುವರು. ನೂರಕ್ಕೆ ಮೂರಕ್ಕಿಂತ ಹೆಚ್ಚಾದ ಏರನ್ನು ಪುಟ್ಟ ಎಂಜಿನ್ನು ಸರಾಗವಾಗಿ ಹತ್ತಲಾರದು. ಒಂದು ಗಾಡಿಯ ಮೇಲೆ ಇನ್ನೊಂದು ಹಾದುಹೋಗಲು ಎಂಟು ಸೆಂಟಿಮೀಟರು ಎತ್ತರ ಬೇಕು. ಏರಲು 267 ಸೆಂಟಿಮೀಟರು, ಇಳಿಯಲು ಅಷ್ಟೇ. ಸುತ್ತೆಲ್ಲವೂ ಅಲ್ಲಿಗೇ ತೀರಿತು! ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದರೆ ಅವರು ಹಟವನ್ನು ತಾವಾಗಿಯೇ ಬಿಡುವರು, ತ್ರೈರಾಶಿಯ ಪ್ರಯೋಜನವನ್ನೂ ಅರಿಯುವರು.

ನಾಲ್ಕನೆಯದು ವಿದ್ಯುತ್ತು. ಸಾಮಾನ್ಯವಾದ ಕಿರುರೈಲಿಗೆ ಹನ್ನೆರಡು ವೋಲ್ಟಿನ ವಿದ್ಯುತ್ತು ಸಾಕು. ಅದು ಕಂಬಿಯಿಂದ ಚಕ್ರಕ್ಕೂ ಚಕ್ರದಿಂದ ಎಂಜಿನ್ನಿಗೂ ಹರಿಯುತ್ತದೆ. ಗೋಡೆಯ 230 ವೋಲ್ಟನ್ನು ತಗ್ಗಿಸುವ ಪೆಟ್ಟಿಗೆಯು ನಂಬಿಕಸ್ಥರು ಮಾಡಿದುದಾಗಿರಬೇಕು. ಅದನ್ನು ಮಕ್ಕಳು ಬಿಚ್ಚಕೂಡದು, ಆಟ ಮುಗಿದೊಡನೆ ಹಿರಿಯರು ಸಂಪರ್ಕವನ್ನು ಕಳೆಯಬೇಕು. ಕಂಬಿಗಳ ಕೀಲುಗಳನ್ನೇ ನೆಚ್ಚದೆ ಮೀಟರಿಗೊಂದರಂತೆ ಹಲಗೆಯ ಕೆಳಗಿನಿಂದ ತಂತಿಯನ್ನು ಬೆಸೆದರೆ ಎಂಜಿನ್ನು ದೂರ ಹೋದಂತೆಲ್ಲ ಸೊರಗುವುದಿಲ್ಲ. ಕಂಬಿಯು ಕುಣಿಕೆಯಂತೆ ತಿರುಗಿ ತನ್ನನ್ನೇ ಸೇರುವಂತೆ ಹಾಸಿದರೆ ಎಡಬಲಗಳು ಕೂಡಿ ವಿದ್ಯುತ್ತು ಕಡಿದುಹೋಗುವುದು. ಹೊಸಬರು ಅದನ್ನು ವರ್ಜಿಸುವುದೇ ಒಳಿತು.

ಐದನೆಯದು ಶುಚಿ; ನಿಜವಾಗಿ ಇದೇ ಮೊದಲನೆಯದು. ಎಂಜಿನ್ನು ಮುಗ್ಗರಿಸಿದರೆ ಹತ್ತರಲ್ಲಿ ಒಂಬತ್ತು ಸಲ ಕೆಟ್ಟಿರುವುದು ಎಂಜಿನ್ನಲ್ಲ. ಕಂಬಿಗೂ ಚಕ್ರಕ್ಕೂ ಹತ್ತಿದ ಜಿಡ್ಡು. ಮೆತ್ತನೆಯ ಬಟ್ಟೆಗೆ ಔಷಧದಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಸ್ವಲ್ಪವೇ ಸೋಕಿಸಿ, ವಿದ್ಯುತ್ತನ್ನು ಕಳೆದು, ದೀಪ ಒಲೆಗಳಿಂದ ದೂರದಲ್ಲಿ ಹಿರಿಯರು ಒರಸತಕ್ಕದ್ದು. ಮರಳುಕಾಗದದಿಂದ ತಿಕ್ಕಬಾರದು, ಅದು ಮಾಡುವ ಗೀರುಗಳಲ್ಲಿ ಧೂಳು ಮತ್ತಷ್ಟು ಕೂಡುತ್ತದೆ. ಆಡದಿದ್ದಾಗ ಹಳೆಯ ಪಂಚೆಯನ್ನು ಹೊದಿಸಿಡಬೇಕು. ಹ್ಯಾಂಬರ್ಗಿನ ವೈಭವವೆಲ್ಲವೂ ಒರಸುವವರ, ತಿದ್ದುವವರ, ಎಣ್ಣೆ ಹಾಕುವವರ ಕೈಯಲ್ಲಿ ನಿಂತಿದೆಯೆಂಬುದು ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಗೊತ್ತಾಗುವುದು. ಗಾಡಿಗಳನ್ನು ಯಂತ್ರಗಣಕವು ನಡೆಸಿದರೂ ಕಂಬಿ ತಪ್ಪಿದುದನ್ನು ಮೇಲಕ್ಕೆತ್ತಿಡುವುದು ಮನುಷ್ಯನ ಬೆರಳೇ.

ಬೆಟ್ಟ, ಗಿಡ, ಮನೆಗಳ ಅಲಂಕಾರವು ಕಡೆಯದು. ಗಾಡಿಯು ಒಂದು ಗಂಟೆಯ ಕಾಲ ತಪ್ಪದೆ ಓಡುವವರೆಗೆ ಅದಕ್ಕೆ ಕೈಹಾಕಬಾರದು. ಆಮೇಲೆ ಹಳೆಯ ಕಾಗದವನ್ನು ಅಂಟಿನಲ್ಲಿ ನೆನೆಯಿಸಿ ಗುಡ್ಡವನ್ನೂ, ಹಸುರುಬಣ್ಣದ ಮರದ ಹೊಟ್ಟಿನಿಂದ ಹುಲ್ಲನ್ನೂ, ಒಣಕಡ್ಡಿಗಳಿಂದ ಮರಗಳನ್ನೂ ಮಾಡಬಹುದು. ನವರಾತ್ರಿಯಲ್ಲಿ ಗೊಂಬೆಗಳ ಮುಂದೆ ರಾಗಿಯ ಪೈರನ್ನು ಬೆಳೆಸಿ ಕೆರೆ ತೋಟಗಳನ್ನು ಹೂಡುವ ನಮ್ಮ ಮನೆಯ ಹೆಂಗಸರಿಗೆ ಈ ಕೆಲಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಓಡಿಸುವುದರಲ್ಲಿಯೂ ಒಂದು ಮರ್ಯಾದೆಯುಂಟು. ಗಂಟೆಗೆ ಅರವತ್ತು ಕಿಲೋಮೀಟರು ಓಡುವ ಗಾಡಿಯು ನಿಮಿಷಕ್ಕೆ ಒಂದು ಕಿಲೋಮೀಟರು ಹೋಗುವುದು; ನಮ್ಮ ಅಳತೆಯಲ್ಲಿ ಅದು ಹನ್ನೊಂದೂವರೆ ಮೀಟರು. ಐದೂವರೆ ಮೀಟರಿನ ಸುತ್ತಿಗೆ ಹತ್ತಿರ ಹತ್ತಿರ ಅರ್ಧ ನಿಮಿಷವಾಯಿತು. ಇದಕ್ಕಿಂತ ರಭಸವಾಗಿ ಓಡಿಸಿದರೆ ಗಾಡಿಯು ಉರುಳುವುದು, ಆಟವು ಬೇಗನೆ ಬೇಸರವಾಗುವುದು. ಒಬ್ಬ ಮಗುವು ಸ್ಟೇಷನ್ ಮಾಸ್ತರನಾಗಲಿ, ಒಬ್ಬಳು ಎಂಜಿನ್ನನ್ನು ನಡೆಸಲಿ, ಇನ್ನೊಬ್ಬನು ವೇಳಾಪಟ್ಟಿಯನ್ನು ಬರೆಯಲಿ. ಒರಸುವ ಸರದಿಯು ಎಲ್ಲರಿಗೂ ಬರಲಿ.

ಸೂಜಿಯನ್ನೂ ಕಡಾಯಿಯನ್ನೂ ಮಾಡಬೇಕಾದ ಕಮ್ಮಾರನು ಮೊದಲು ಸೂಜಿಯನ್ನು ಮುಗಿಸುವನೆಂದು ಶಾಸ್ತ್ರಕಾರರು ಸೂಚೀಕಟಾಹನ್ಯಾಯವನ್ನು ಹೇಳಿರುವರಷ್ಟೆ. ಒಂದು ಹಲಗೆ, ಒಂದು ಸುತ್ತು, ಒಂದು ಎಂಜಿನ್ನು, ನಾಲ್ಕು ಡಬ್ಬಿ: ಆರಂಭಕ್ಕೆ ಇಷ್ಟೇ ಸಾಕು. ಇದು ಒಂದು ವರ್ಷ ಕೆಡದೆ ನಡೆದರೆ ಮುಂದಿನ ವರ್ಷ ಒಂದು ಕವಲುಕಂಬಿಯನ್ನು ಸೇರಿಸಬಹುದು. ಹ್ಯಾಂಬರ್ಗಿನ ಸಹೋದರರೂ ಒಂದೊಂದು ಸೀಮೆಯನ್ನೇ ಸೇರಿಸುತ್ತ ಬಂದರೆಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.