ಬ್ರೇಕ್ ಆಯಿಲ್ ಹಾಕಿದೆ

ನಮ್ಮ ಮಾರುತಿ 800 ನಿಲ್ಲುವಾಗ ಸದ್ದು ಮಾಡತೊಡಗಿದ್ದು ಕಳೆದ ಕಬ್ಬಿನ ಸೀಜನ್ನಿನಲ್ಲಿ. ಮೊದಲು ಸಣ್ಣ ಕೀರಲು ದನಿ. ಎರಡು ವಾರ ಕಳೆಯುವಷ್ಟರಲ್ಲಿ ಅದು ಬೀಸುಕಲ್ಲಿನ ಸದ್ದಾಯಿತು. ಅಪ್ಪ ಪಕ್ಕದ ಸೀಟಿನಲ್ಲಿ ಕೂತು, 'ಧೂಳ ಹೊಕ್ಕಿರಬೇಕು, ನೀ ನಡಿ' ಅಂದರು. ಅಂದರೇನೋ ಸರಿ, ನಾನು ಬ್ರೇಕ್ ಒತ್ತಿದಾಗೆಲ್ಲ ಅವರ ಬಲಗಾಲೂ ಕೆಳಗಿನ ಮ್ಯಾಟ್ ಒತ್ತುತ್ತಿತ್ತು. ಆ ಬದಿಗೆ ಬ್ರೇಕ್ ಇಲ್ಲ ಎಂಬುದು ಹದಿನೈದು ವರ್ಷ ಇದೇ ಗಾಡಿ ಓಡಿಸಿದವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಕಾಲಿಗೆ ಗೊತ್ತಿರಲಿಲ್ಲ, ಅಷ್ಟೆ.

ಸಕ್ಕರೆ ಕಾಯಿಲೆ ಅಪ್ಪನ ಕಣ್ಣಿನ ಪರದೆಗೆ ಇಳಿದಿದೆ. ತಿಂಗಳಿಗೊಮ್ಮೆ ವಿಜಯಪುರದಲ್ಲಿ ಕಣ್ಣಿಗೆ ಇಂಜೆಕ್ಷನ್. ನಾಲತವಾಡದಿಂದ ಮುದ್ದೇಬಿಹಾಳ, ಅಲ್ಲಿಂದ ವಿಜಯಪುರ, ಒಂದು ಬದಿಗೇ ನೂರು ಕಿಲೋಮೀಟರಿನ ಆಸುಪಾಸು. ಬಸ್ಸಿದೆ, ಆದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ಬದಲಿಸುವುದು ಅವರಿಗೆ ಆಗುವುದಿಲ್ಲ. ಹೀಗಾಗಿ ವಿಜಯಪುರದ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು ತಿಂಗಳಿಗೊಮ್ಮೆ ಊರಿಗೆ ಬಂದು, ಅವರನ್ನು ಕೂರಿಸಿಕೊಂಡು, ತಿರುಗಿ ನಾನು ಬಿಟ್ಟು ಬಂದ ಊರಿಗೇ ಹೋಗುತ್ತೇನೆ. ಗಾಡಿ 2003ರ ಮಾಡೆಲ್ಲು. 2009ರಲ್ಲಿ ಅಪ್ಪ ಎರಡನೇ ಕೈಯಲ್ಲಿ ಕೊಂಡದ್ದು. 2018ಕ್ಕೆ ಹದಿನೈದು ವರ್ಷ ತುಂಬಿದಾಗ ಒಮ್ಮೆ, ಐದು ವರ್ಷ ಬಿಟ್ಟು 2023ರಲ್ಲಿ ಇನ್ನೊಮ್ಮೆ ರಿಜಿಸ್ಟ್ರೇಷನ್ ನವೀಕರಿಸಿದ್ದೇವೆ. ನಡುವೆ, 2022ರ ಏಪ್ರಿಲ್‌ನಲ್ಲಿ, ಆ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತ್ತು. ಅವತ್ತೇ ಅಪ್ಪ, 'ಇನ್ನ ಈ ಗಾಡಿಗೆ ಒಂದು ಪೈಸಾ ಹಾಕಂಗಿಲ್ಲ' ಎಂದು ಶಪಥ ಮಾಡಿದ್ದರು.

ಮೊದಲ ತಪ್ಪು ನನ್ನದು. ನನ್ನ ಫೆಲೋಶಿಪ್ ಬಂದು ಐದು ತಿಂಗಳಾಗಿತ್ತು. ವಿಜಯಪುರದಲ್ಲಿ ಗಾಡಿಯನ್ನು ರಸ್ತೆ ಬದಿಯ ಒಬ್ಬ ಹುಡುಗನ ಮುಂದೆ ನಿಲ್ಲಿಸಿ, ಇದ್ದುದರಲ್ಲೇ ಅಗ್ಗದ ಪ್ಯಾಡ್ ಹಾಕು ಎಂದೆ. 380 ರೂಪಾಯಿ. ಡಬ್ಬಿಯ ಮೇಲೆ ಹುಲಿಯ ಚಿತ್ರವಿತ್ತು, ತಯಾರಿಸಿದವರ ವಿಳಾಸ ಇರಲಿಲ್ಲ. ಗಾಲಿ ಬಿಚ್ಚಿದ ಹುಡುಗ, 'ಮೇಡಂ, ಡಿಸ್ಕ್ ಒಮ್ಮೆ ನೋಡ್ರಿ' ಎಂದ. ನಾನು ನೋಡಲಿಲ್ಲ. ಮುಂದಿನ ತಿಂಗಳು ಎಂದೆ.

ಆ ಸಂಜೆಯೇ ಮುದ್ದೇಬಿಹಾಳ ದಾಟಿ ಊರ ಕಡೆ ಬರುವಾಗ ಹೊತ್ತು ಮುಳುಗಿತ್ತು. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆದು ಸರಿದ ಕೂಡಲೇ ಮುಂದೆ ಒಂದು ಕಪ್ಪು ಗೋಡೆ. ಕಬ್ಬು ಹೇರಿದ ಎರಡು ಟ್ರೇಲರಿನ ಟ್ರ್ಯಾಕ್ಟರು, ಹಿಂದೆ ಒಂದು ದೀಪವಿಲ್ಲ, ಒಂದು ಕೆಂಪು ರೇಡಿಯಂ ಪಟ್ಟಿಯೂ ಇಲ್ಲ. ಒತ್ತಿದೆ. ಗಾಡಿ ನಿಂತಿತು, ಆದರೆ ನೆಟ್ಟಗೆ ನಿಲ್ಲಲಿಲ್ಲ. ಎಡಕ್ಕೆ ಎಳೆದುಕೊಂಡು ಹೋಗಿ, ಎಡಗಾಲಿ ರಸ್ತೆ ಬಿಟ್ಟು ತೊಗರಿ ಹೊಲದ ಬದುವಿಗೆ ಇಳಿದು ನಿಂತಿತು. ಬಾನೆಟ್ಟಿಗೂ ಕಬ್ಬಿನ ತುದಿಗೂ ಎಷ್ಟು ಅಂತರವಿತ್ತು ಎಂದು ನಾನು ಇಳಿದು ನೋಡಲಿಲ್ಲ. ಟ್ರ್ಯಾಕ್ಟರಿನವನಿಗೆ ಹಿಂದೆ ಏನಾಯಿತೆಂದು ಗೊತ್ತೇ ಇಲ್ಲ, ಹಾಡು ಹಚ್ಚಿಕೊಂಡು ಹೊರಟುಹೋದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, 'ಏನಾತವಾ?' ಎಂದರು. ನಾಯಿ ಅಡ್ಡ ಬಂತು ಎಂದೆ.

ಮರುದಿನ ಊರಿನ ಮಿಸ್ತ್ರಿ ಕಾಕಾನ ಗ್ಯಾರೇಜಿಗೆ ಹೋದೆ. ಗ್ಯಾರೇಜೆಂದರೆ ಬೇವಿನ ಮರ, ಅದರ ಕೆಳಗೆ ನಾಲ್ಕು ತಗಡು. ಕಾಕಾ ಮೊದಲು ಕೇಳಿದ್ದು, 'ಮಾಸ್ತರ ಬರಲಿಲ್ಲೇನವಾ?' ಅಂತ. ಮುಂದಿನ ಮಾತುಗಳನ್ನೂ ಅವರು ಅರ್ಧ ನನಗೆ, ಅರ್ಧ ಅಲ್ಲಿ ಸುಮ್ಮನೆ ಕೂತಿದ್ದ ನಮ್ಮ ಓಣಿಯ ಹುಡುಗನಿಗೆ ಹೇಳುತ್ತಿದ್ದರು. ಅವನಿಗೆ ಸೈಕಲ್ಲೂ ಬರುವುದಿಲ್ಲ.

ನನ್ನ ಸಂಶೋಧನೆ ಈ ಭಾಗದ ವೃತ್ತಿಪದಗಳ ಮೇಲೆ. ಭದ್ರಿರಾಜು ಕೃಷ್ಣಮೂರ್ತಿಯವರು ತೆಲುಗಿನಲ್ಲಿ 1962ರಲ್ಲೇ ಬೇಸಾಯದ ಮಾತುಗಳ ಪದಕೋಶ ತಂದರು. ಅದನ್ನು ಓದಿದ ಹುಮ್ಮಸ್ಸಿನಲ್ಲಿ ನಾನು ಕುಂಟೆ, ಕೂರಿಗೆ, ಮಗ್ಗ ಎಂದು ಊರೂರು ತಿರುಗಿದವಳು. ಗ್ಯಾರೇಜಿನಲ್ಲಿ ಒಮ್ಮೆಯೂ ಪುಸ್ತಕ ತೆಗೆದಿರಲಿಲ್ಲ. ಇಲ್ಲಿ ಡಿಸ್ಕು ಸವೆಯುವುದಿಲ್ಲ, ಅದನ್ನು ಪ್ಯಾಡು 'ತಿನ್ನುತ್ತದೆ'. ಗಾಡಿ 'ಎಳೆಯುತ್ತದೆ'. ಪೈಪಿನೊಳಗೆ ಗಾಳಿ ಸೇರಿದರೆ ಬ್ರೇಕು 'ಹವಾ ಕುಡಿದಿದೆ'. ಅವತ್ತು ಬರೆದುಕೊಂಡೆ, ಆದರೆ ಕೈ ನಡುಗುತ್ತಿತ್ತು.

800ಕ್ಕೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಗಾಲಿ ಬಿಚ್ಚಿದಾಗ ಡಿಸ್ಕಿನ ಮೈಮೇಲೆ ಉತ್ತ ಹೊಲದ ಸಾಲಿನಂಥ ಗೀರು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ಯಾಡಿನ ಮಸಾಲೆ ಪೂರ್ತಿ ತೀರಿ, ಹಿಂದಿನ ಕಬ್ಬಿಣದ ತಗಡೇ ತಿರುಗುವ ಡಿಸ್ಕಿಗೆ ಉಜ್ಜಿದ ಗುರುತು ಅದು. ಮೊದಲು ಬಂದ ಕೀರಲು ದನಿ ಎಚ್ಚರಿಕೆಯದು. ಕೆಲವು ಪ್ಯಾಡಿಗೆ ಸಣ್ಣದೊಂದು ತಗಡಿನ ನಾಲಗೆ ಇರುತ್ತದೆ, ಮಸಾಲೆ ತೀರುತ್ತ ಬಂದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ಎರಡು ವಾರ ಕೂಗಿದೆ. ನಾವು ಧೂಳೆಂದೆವು. ಗೀರುಬಿದ್ದ ಡಿಸ್ಕಿಗೆ ಹೊಸ ಪ್ಯಾಡು ಹಾಕಿದರೆ ಅದು ಏಣುಗಳ ಮೇಲಷ್ಟೇ ಕೂರುತ್ತದೆ, ಪೂರ್ತಿ ಮೈ ತಾಗುವುದಿಲ್ಲ. ಎಡಕ್ಕೆ ಎಳೆದದ್ದಕ್ಕೆ ಕಾರಣ ಬೇರೆ. ಬಲಗಡೆಯ ಕ್ಯಾಲಿಪರ್ ಜಾರಬೇಕಾದ ಪಿನ್ನು ತುಕ್ಕು ಹಿಡಿದು ಜಾಮ್ ಆಗಿತ್ತು. ಬಲಗಾಲಿ ಅರೆಮನಸ್ಸಿನಿಂದ ಹಿಡಿಯುತ್ತಿತ್ತು, ಎಡಗಾಲಿ ಜೋರಾಗಿ.

ಕಾಕಾ ಡಿಸ್ಕಿನ ಅಂಚಿನ ತುಕ್ಕನ್ನು ಕೆರೆದು, ಅಲ್ಲಿ ಅಚ್ಚೊತ್ತಿದ್ದ ಕನಿಷ್ಠ ದಪ್ಪದ ಅಂಕಿಯನ್ನು ನನಗೆ ಓದಿಸಿದರು. ಆಮೇಲೆ ಗೀರಿನ ಆಳದಲ್ಲಿ ನಾಲ್ಕು ಕಡೆ ವರ್ನಿಯರ್ ಹಿಡಿದು ಅಳೆದರು. ನಾಲ್ಕು ಕಡೆ ನಾಲ್ಕು ಅಂಕಿ ಬಂತು. ಮುದ್ದೇಬಿಹಾಳದಲ್ಲಿ ಲೇತಿಗೆ ಹಾಕಿಸಿ ನುಣುಪು ಮಾಡಿಸಬಹುದು, ಹಣ ಉಳಿಯುತ್ತದೆ. ಆದರೆ ಗೀರು ಹೋಗುವಷ್ಟು ಕೆತ್ತಿದರೆ ದಪ್ಪ ಆ ಅಂಕಿಗಿಂತ ಕೆಳಗಿಳಿಯುತ್ತಿತ್ತು. ತೆಳುವಾದ ಡಿಸ್ಕು ಬೇಗ ಕಾಯುತ್ತದೆ, ಕಾದರೆ ಡೊಂಕಾಗುತ್ತದೆ. ಮನೆಗೆ ಬಂದು ನಾನೂ ಲೆಕ್ಕ ಹಾಕಿದೆ. ಇಬ್ಬರು ಕೂತ 800, ಗಂಟೆಗೆ 60 ಕಿಲೋಮೀಟರಿನಿಂದ ಒಮ್ಮೆ ನಿಂತರೆ ಹುಟ್ಟುವ ಶಾಖದಲ್ಲಿ ಎರಡು ಮೂರು ಕಪ್ ಚಹಾದ ನೀರು ಕುದಿಯುತ್ತದೆ. ಅದರ ದೊಡ್ಡ ಪಾಲನ್ನು ಮುಂದಿನ ಎರಡು ಕಬ್ಬಿಣದ ತಟ್ಟೆಗಳೇ ನುಂಗಬೇಕು.

ಹೊಸ ಡಿಸ್ಕೆಂದು ತೀರ್ಮಾನವಾದ ಮೇಲೆ ಯಾವ ಪ್ಯಾಡು? ಒಂದು ರಾತ್ರಿ ಪೂರ್ತಿ ಮೊಬೈಲಿನಲ್ಲಿ ಓದಿದೆ. ಪಿಎಚ್.ಡಿ. ಮಾಡುವವರ ರೋಗವಿದು, ಎರಡು ಸಾವಿರದ ವಸ್ತುವಿಗೆ ಇನ್ನೂರು ಪುಟದ ಪೂರ್ವಸಮೀಕ್ಷೆ. ಸೆರಾಮಿಕ್ ಪ್ಯಾಡು ಧೂಳು ಕಡಿಮೆ ಮಾಡುತ್ತದಂತೆ. ಲೋಹ ಬೆರೆಸಿದವು ಹೆಚ್ಚು ಶಾಖ ತಡೆಯುತ್ತವೆ, ಆದರೆ ಡಿಸ್ಕನ್ನು ಬೇಗ ತಿನ್ನುತ್ತವೆ. ತೂತು ಕೊರೆದ ಅಂದದ ಡಿಸ್ಕುಗಳ ಚಿತ್ರ ಬಹಳ ಸಿಕ್ಕವು. ಕಾಕಾಗೆ ತೋರಿಸಿದರೆ, 'ರೊಟ್ಟಿ ಹಂಚಿಗೆ ತೂತ ಹೊಡಸ್ತಾರೇನವಾ' ಎಂದು ನಕ್ಕರು. ಅವರ ಸಲಹೆ ಸರಳ: ಕಂಪನಿಯಿಂದ ಬಂದಾಗ ಇದ್ದ ಬಗೆಯ ಪ್ಯಾಡೇ ಸಾಕು, ಡಬ್ಬಿಯ ಮೇಲೆ ಆಸ್‌ಬೆಸ್ಟಾಸ್ ಇಲ್ಲ ಎಂದು ಬರೆದಿರಬೇಕು, ಎಡಬಲ ಎರಡೂ ಒಟ್ಟಿಗೇ ಬದಲಾಗಬೇಕು. ಇಷ್ಟು ದಿನ ಗಾಲಿಯ ಧೂಳನ್ನು ಉಫ್ ಎಂದು ಊದಿ ತೆಗೆಯುತ್ತಿದ್ದವರು ಈಗ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. 'ಬುದ್ಧಿ ಬರೂದ್ರಾಗ ಕೆಮ್ಮ ಬಂತು' ಎಂದರು.

ಓದಿದ್ದರಲ್ಲಿ ಕಾಕಾಗೆ ಹಿಡಿಸಿದ್ದು ಒಂದೇ ಕಥೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಥಾ ಬೆಂಝ್ ಎಂಬ ಹೆಣ್ಣುಮಗಳು ಗಂಡನಿಗೆ ಹೇಳದೆ, ಅವನು ತಯಾರಿಸಿದ ಮೂರು ಗಾಲಿಯ ಮೋಟಾರು ಗಾಡಿ ತೆಗೆದುಕೊಂಡು, ಇಬ್ಬರು ಮಕ್ಕಳ ಜೊತೆ ತವರಿಗೆ ಹೊರಟಳು. ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿ, ಅಂದರೆ ನಮ್ಮ ನಾಲತವಾಡ–ವಿಜಯಪುರದಷ್ಟೇ. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ದಾರಿಯ ಊರೊಂದರ ಚಪ್ಪಲಿ ಹೊಲಿಯುವವನಿಂದ ಅದಕ್ಕೆ ಚರ್ಮ ಹೊಡೆಸಿಕೊಂಡಳು. ಇವತ್ತಿನ ಲೈನಿಂಗಿನ ಮೂಲ ಅದೇ ಎನ್ನುತ್ತಾರೆ. ಕಾಕಾ ಸ್ಪ್ಯಾನರ್ ಕೆಳಗಿಟ್ಟು, 'ಹಂಗಾರ ಮೊದಲನೇ ಬ್ರೇಕ್ ಮಿಸ್ತ್ರಿ ಚಪ್ಪಲಿ ಹೊಲಿಯಾಂವ. ಕೆಲಸ ಹೇಳಿದಾಕಿ ಹೆಣ್ಮಗಳು' ಎಂದರು. ಅಲ್ಲಿಂದ ಮುಂದೆ ಓಣಿಯ ಹುಡುಗನ ಕಡೆ ತಿರುಗಲಿಲ್ಲ.

ಹಣ ಅವ್ವ ತನ್ನ ಸಂಘದಿಂದ ಸಾಲ ತೆಗೆದು ಕೊಟ್ಟಳು, 5000. ಅಪ್ಪ ಕೂಗಾಡಿದರು. 'ಮಾರಿದ್ರ ಮೂವತ್ತು ಸಾವಿರ ಬರಂಗಿಲ್ಲ, ಅದಕ್ಕ ಐದು ಸಾವಿರದ ಬ್ರೇಕ!' ಅವ್ವ ರೊಟ್ಟಿ ತಟ್ಟುತ್ತಲೇ, 'ಬ್ರೇಕ ಗಾಡಿಗಲ್ಲ, ಒಳಗ ಕುಂತವರಿಗೆ' ಎಂದಳು. ನಾಯಿಯ ಕಥೆಯನ್ನು ಅವಳು ನಂಬಿರಲಿಲ್ಲ ಎಂದು ಆಗ ತಿಳಿಯಿತು.

ಹೊಸ ಪ್ಯಾಡು ಕೂರಿಸಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಮೇಲಿನ ಡಬ್ಬಿಯಿಂದ ಬ್ರೇಕ್ ಆಯಿಲ್ ಉಕ್ಕಿ ಹರಿಯಿತು. ಕಾಕಾ ತಟ್ಟನೆ ನೀರು ಸುರಿದರು, ಅದು ಬಣ್ಣವನ್ನು ತಿನ್ನುತ್ತದೆ. ಚಹಾದ ಡಿಕಾಕ್ಷನ್ನಿನಂಥ ಬಣ್ಣಕ್ಕೆ ತಿರುಗಿದ ಆಯಿಲ್ಲು. 'ಇಷ್ಟ ತುಂಬಿಸಿದವರ್ಯಾರು?' ಎಂದು ಕೇಳಿದರು. ಪ್ಯಾಡು ಸವೆದಂತೆ ಪಿಸ್ಟನ್ ಮುಂದೆ ಬರುತ್ತದೆ, ಡಬ್ಬಿಯ ಆಯಿಲ್ ಇಳಿಯುತ್ತದೆ. ಇಳಿದರೆ ಪ್ಯಾಡು ನೋಡು ಎಂದರ್ಥ. ಯಾರೋ ಇಳಿದಾಗಲೆಲ್ಲ ತುಂಬಿಸಿದ್ದರು.

ಯಾರೆಂದು ನನಗೆ ಗೊತ್ತಿತ್ತು. ಅಪ್ಪ ಗಣಿತದ ಮಾಸ್ತರು. ಗಾಡಿಗೆ ಹಾಕಿದ ಪ್ರತಿ ಲೀಟರು, ಪ್ರತಿ ಬೋಲ್ಟು ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಅಂಥವು ಮೂರಿವೆ. ಮನೆಗೆ ಬಂದು ತೆಗೆದೆ. ಮುಂದಿನ ಪ್ಯಾಡ್ ಬದಲಿಸಿದ್ದು 2016ರಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರ. ಮೂರನೆಯ ಪುಸ್ತಕದಲ್ಲಿ ಅಕ್ಷರ ದೊಡ್ಡದಾಗುತ್ತ, ಗೆರೆ ಬಿಟ್ಟು ಮೇಲೆ ಕೆಳಗೆ ಹಾಯುತ್ತ ಹೋಗುತ್ತದೆ. ಅಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಅದೇ ಸಾಲು: ಬ್ರೇಕ್ ಆಯಿಲ್ ಹಾಕಿದೆ. ಗಾಡಿ ಓಡಿಸುವುದು ಬಿಟ್ಟ ಮೇಲೂ, ನಾನು ಬರುವ ಹಿಂದಿನ ದಿನ ಬಾನೆಟ್ಟು ಎತ್ತಿ, ಡಬ್ಬಿಯನ್ನು ಬೆಳಕಿಗೆ ಕಂಡಷ್ಟು ನೋಡಿ, ತುಂಬಿಸಿಟ್ಟಿದ್ದರು.

ಹೇಳಲಿಲ್ಲ. ಆದರೆ ನೋಟ್‌ಬುಕ್ಕು ತಿರುಗಿ ಇಡುವಾಗ ಕಪಾಟಿನ ಸದ್ದು ಅವರಿಗೆ ಕೇಳಿಸಿತ್ತು.

ಮರುದಿನ ನಸುಕಿನಲ್ಲಿ ಇಬ್ಬರೂ ನಾರಾಯಣಪುರದ ರಸ್ತೆಗೆ ಹೋದೆವು. ಹೊಸ ಪ್ಯಾಡು, ಹೊಸ ಡಿಸ್ಕು ಒಂದಕ್ಕೊಂದು ಹೊಂದಬೇಕು. 50ಕ್ಕೆ ಏರಿಸಿ, ಮೆಲ್ಲಗೆ ಒತ್ತುತ್ತ 10ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ, ತುಸು ಓಡಿಸಿ ಗಾಳಿಗೆ ಆರಿಸಿ, ಮತ್ತೆ. ಇಪ್ಪತ್ತು ಸಲ ಮಾಡೆಂದು ಕಾಕಾ ಹೇಳಿದ್ದರು. ಅಪ್ಪ ತರಗತಿಯ ದನಿಯಲ್ಲಿ ಎಣಿಸಿದರು. ಹನ್ನೊಂದಕ್ಕೆ ಸುಟ್ಟ ವಾಸನೆ ಬಂತು, ಹದಿನೈದಕ್ಕೆ ಹೋಯಿತು. ಗಾಡಿ ಸೂಜಿ ಹಿಡಿದಂತೆ ನೆಟ್ಟಗೆ ನಿಲ್ಲುತ್ತಿತ್ತು. ಅವರ ಕಾಲು ಮಾತ್ರ ಇಪ್ಪತ್ತೂ ಸಲ ಮ್ಯಾಟ್ ಒತ್ತಿತು.

ಮನೆಗೆ ಬಂದು, 'ಬುಕ್ ತಗಿ, ನೀನ ಬರಿ' ಎಂದರು. ತಾರೀಖು, ಕಿಲೋಮೀಟರು, ಡಿಸ್ಕ್ ಎರಡು, ಪ್ಯಾಡ್ ಒಂದು ಸೆಟ್ಟು, ಪಿನ್ನು, ಆಯಿಲ್ ಪೂರ್ತಿ ಬದಲು, ಮಿಸ್ತ್ರಿ ಪಗಾರ. ಅವರಿಗೂ ಕಾಣಲೆಂದು ದಪ್ಪ ಅಕ್ಷರದಲ್ಲಿ ಬರೆದೆ.

'ಆಯಿಲ್ ಇಳದ್ರ ಸುಮ್ನ ತುಂಬಸಬಾರ್ದು. ಅದನ್ನೂ ಬರಿ' ಎಂದರು.

ಬರೆದೆ.

'ಹಿಂದಿನ ಶೂ ಯಾವಾಗ ಬದಲಿಸಿದ್ದು, ನೋಡು.'

ಮೂರೂ ಪುಸ್ತಕ ತಿರುವಿದೆ. ಎಲ್ಲೂ ಇರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಲೆಕ್ಕ ಹಾಕಿ, 'ಮುಂದಿನ ತಿಂಗಳ ಹೋಗೂ ಮೊದಲ ಅದನ್ನೂ ಬಿಚ್ಚಸೂಣು' ಎಂದರು.