ಪಂಚೇಶ್ವರದ ಸಂಗಮದಲ್ಲಿ

ಹಿಮಾಲಯದಲ್ಲಿ ಹುಟ್ಟಿ ದಕ್ಷಿಣಾಭಿಮುಖವಾಗಿ ಹರಿಯುವ ಕಾಳೀನದಿಯು ಭಾರತಕ್ಕೂ ನೇಪಾಳಕ್ಕೂ ಬಹುದೂರದವರೆಗೆ ಎಲ್ಲೆಯಾಗಿರುವುದು. ಕುಮಾವೂನಿನ ಬೆಟ್ಟಗಳ ನಡುವಿನಿಂದ ಬರುವ ಸರಯೂ ನದಿಯು ಅದನ್ನು ಕೂಡಿಕೊಳ್ಳುವ ಸ್ಥಳವೇ ಪಂಚೇಶ್ವರ. ಗೋರಿ, ಧೌಲಿಗಳೆಂಬ ಹೊಳೆಗಳು ಮೇಲುಗಡೆಯೇ ಕಾಳಿಯನ್ನೂ, ಪೂರ್ವ ರಾಮಗಂಗೆಯು ಸರಯುವನ್ನೂ ಸೇರಿರುವುದರಿಂದ, ಇಲ್ಲಿ ಐದು ನದಿಗಳ ನೀರು ಒಂದಾಗುವುದೆಂದು ಜನರು ಎಣಿಸುತ್ತಾರೆ. ಸಂಗಮದ ದಡದಲ್ಲಿ ಶಿವನ ಗುಡಿಯಿದೆ. ಇಲ್ಲಿಂದ ಮುಂದೆ ಇದೇ ನೀರು ಶಾರದೆಯೆಂಬ ಹೆಸರಿನಿಂದ ಬಯಲಿಗಿಳಿದು, ಘಾಘರಾ ನದಿಯೊಡನೆ ಬೆರೆತು, ಕಡೆಗೆ ಅಯೋಧ್ಯೆಯ ಸೋಪಾನಗಳನ್ನು ತೊಳೆಯುವುದು.

ಇಲ್ಲಿಗೆ ಹೋಗತಕ್ಕವರು ಟನಕಪುರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಚಂಪಾವತ್, ಲೋಹಾಘಾಟ್‌ಗಳ ಮಾರ್ಗವಾಗಿ ಬೆಟ್ಟದ ದಾರಿಯನ್ನು ಹಿಡಿಯಬೇಕು. ಬುಡದಲ್ಲಿ ಸಾಲವೃಕ್ಷಗಳು, ನಡುವೆ ಪೈನ್ ಮರಗಳು, ಲೋಹಾಘಾಟಿನ ತಂಪಿನಲ್ಲಿ ದೇವದಾರುಗಳು, ಹೀಗೆ ಒಂದೇ ಹಗಲಿನಲ್ಲಿ ಮೂರು ಬಗೆಯ ಕಾಡುಗಳನ್ನು ನಾವು ದಾಟಿದೆವು. ಚಂಪಾವತಿಯ ಸೀಮೆಯನ್ನು ನಡುಗಿಸಿದ ನರಭಕ್ಷಕ ಹುಲಿಯನ್ನು ಜಿಮ್ ಕಾರ್ಬೆಟ್ ಸಾಹೇಬರು 1907ರಲ್ಲಿ ಕೊಂದುದು ಈ ಸುತ್ತಿನಲ್ಲಿಯೇ. 1944ರಲ್ಲಿ ಅಚ್ಚಾದ ಅವರ ಕುಮಾವೂನಿನ ನರಭಕ್ಷಕಗಳ ಪುಸ್ತಕದಲ್ಲಿ ಹುಲಿಗಳ ಕಥೆಗಳ ನಡುವೆ ಮೀನಿನ ವಿಷಯವಾಗಿಯೂ ಒಂದು ಅಧ್ಯಾಯವಿದೆಯೆಂಬುದನ್ನು ಅನೇಕರು ಮರೆತಿರುತ್ತಾರೆ. ಆ ಮೀನೇ ಮಹಶೀರ್. ಲೋಹಾಘಾಟಿನಿಂದ ಪಂಚೇಶ್ವರಕ್ಕೆ ಸಾವಿರ ಮೀಟರಿಗಿಂತಲೂ ಹೆಚ್ಚಾಗಿ ಕೆಳಗಿಳಿಯಬೇಕು. ತಿರುವಿನ ಮೇಲೆ ತಿರುವು ಕಳೆದು, ಚಳಿಯ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಲಲ್ಲಿಟ್ಟುಕೊಂಡು, ಸಂಜೆಗೆ ನಾವು ನದಿಯ ಮರಳನ್ನು ಮುಟ್ಟಿದೆವು.

ಮಹಶೀರ್ ಎಂಬ ಹೆಸರು ಕನ್ನಡಿಗರಿಗೆ ಹೊಸದಾದರೂ ಮೀನಿನ ಕುಲವು ಹೊಸದಲ್ಲ. ಕಾವೇರೀತೀರದಲ್ಲಿ ಇದನ್ನು ಬಿಳಿಮೀನೆನ್ನುವರು. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಯಾತ್ರಿಕರ ಕೈಯಿಂದ ಅಕ್ಕಿ, ಪುರಿಗಳನ್ನು ತಿನ್ನಲು ಗುಂಪುಗೂಡುವ ದೇವರ ಮೀನುಗಳಲ್ಲಿ ಈ ಕುಲದವುಂಟು. ಈ ಮೀನಿನ ಬೇಟೆಯನ್ನು ಕುರಿತ ಹೆಸರಾಂತ ಇಂಗ್ಲಿಷ್ ಗ್ರಂಥವೂ ನಮ್ಮ ನಾಡಿನ ಸಂಬಂಧವುಳ್ಳದ್ದೇ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಬರೆದ ಆ ಪುಸ್ತಕವು 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಬಲದಲ್ಲಿ ಮಹಶೀರು ಇಂಗ್ಲೆಂಡಿನ ಸಾಲ್ಮನ್ ಮೀನಿಗೆ ಸೋಲತಕ್ಕದ್ದಲ್ಲವೆಂಬುದು ಅವರ ಮತ. ಪಂಚೇಶ್ವರದಲ್ಲಿರುವುದು ಹೊನ್ನಿನ ಬಣ್ಣದ ಜಾತಿ. ಐವತ್ತು ಕಿಲೋಗ್ರಾಂ ತೂಗಿದವೂ ಹಿಂದೆ ದೊರೆತಿರುವುವು.

ಮರುದಿನದ ಬೆಳಗಿಗಾಗಿ ಆ ಸಂಜೆ ನಮ್ಮ ಮಾರ್ಗದರ್ಶಕನು ತನ್ನ ರೀಲನ್ನು ಸಜ್ಜುಗೊಳಿಸಲು ಕುಳಿತನು. ಅವನು ಆ ಕಡೆಯ ಹಳ್ಳಿಯವನೇ, ನಡುವಯಸ್ಸನ್ನು ದಾಟಿದವನು, ಮಾತು ಕಡಮೆ. ಇಲ್ಲಿ ನಡೆಯುವುದು ಎರೆಹುಳುವನ್ನು ಚುಚ್ಚಿ ಕಾದು ಕುಳಿತುಕೊಳ್ಳುವ ಗಾಳವಲ್ಲ. ಗರಿ, ಕೂದಲು, ದಾರಗಳಿಂದ ಕೊಕ್ಕೆಯ ಮೇಲೆ ಕಟ್ಟಿದ ಹುಸಿ ಹುಳುವಿಗೆ, ಇಲ್ಲವೆ ಹುಸಿ ಮರಿಮೀನಿಗೆ ಫ್ಲೈ ಎಂದು ಹೆಸರು. ಅದಕ್ಕೆ ತೂಕವೇ ಇಲ್ಲವಾದ್ದರಿಂದ ಅದನ್ನು ದೂರ ಎಸೆಯುವುದಾದರೂ ಹೇಗೆ? ಆದುದರಿಂದ ಹುರಿಯನ್ನೇ ದಪ್ಪವಾಗಿಯೂ ಭಾರವಾಗಿಯೂ ಮಾಡಿರುತ್ತಾರೆ. ಕೋಲನ್ನು ಬೀಸಿದಾಗ ಹಾರುವುದು ಹುರಿ. ಫ್ಲೈ ಅದರ ಬೆನ್ನು ಹಿಡಿದು ಹೋಗುವುದು. ಈ ಹುರಿಯು ಸುಮಾರು ಮೂವತ್ತು ಗಜವಿರುವುದು.

ಅವನ ಮುಂದೆ ಆ ಹುರಿಯಲ್ಲದೆ ತೆಳುವಾದ ಬಿಳಿಯ ನೂಲಿನ ಉಂಡೆಯೊಂದಿತ್ತು. ಹೆಣೆದ ಡೇಕ್ರಾನ್ ನೂಲು. ಇಪ್ಪತ್ತು ಪೌಂಡಿನ ಎಳೆತವನ್ನು ತಾಳತಕ್ಕದ್ದು. ನೂರೈವತ್ತು ಗಜಕ್ಕೂ ಮೀರಿದ್ದು. ಇದಕ್ಕೆ ಬ್ಯಾಕಿಂಗ್ ಎನ್ನುವರು. ಹುರಿಯ ಬೆನ್ನಿಗೆ ನಿಲ್ಲುವ ನೂಲೆಂದು ನಾವು ತಿಳಿದುಕೊಳ್ಳಬಹುದು.

“ಮೂವತ್ತು ಗಜ ಸಾಲದೆ?” ಎಂದು ನಮ್ಮ ಮನೆಯವರು ಕೇಳಿದರು.

“ಅದನ್ನು ಮೀನನ್ನು ಕೇಳಬೇಕು, ಮಾತಾಜೀ,” ಎಂದು ಅವನು ನಕ್ಕನು.

ಅವನ ಕೆಲಸದ ಕ್ರಮವು ನಮಗೆ ವಿಚಿತ್ರವಾಗಿ ಕಂಡಿತು. ಕಡೆಗೆ ಮೇಲಿರಬೇಕಾದ ಹುರಿಯನ್ನೇ ಅವನು ಮೊದಲು ಖಾಲಿ ರೀಲಿಗೆ ಸುತ್ತಿದನು. ಅದರ ಹಿಂತುದಿಗೆ ನೂಲನ್ನು ಗಂಟು ಹಾಕಿ, ಅಂಚಿಗೆ ಅರ್ಧ ಸೆಂಟಿಮೀಟರಿನಷ್ಟು ಜಾಗ ಉಳಿಯುವವರೆಗೆ ನೂಲನ್ನು ಸುತ್ತಿ ಕತ್ತರಿಸಿದನು. ಬಳಿಕ ಇಬ್ಬರು ಹುಡುಗರನ್ನು ಕರೆದು ಸಮಸ್ತವನ್ನೂ ಮರಳಿನ ಮೇಲೆ ಉದ್ದಕ್ಕೆ ಎಳೆಸಿದನು. ಇದು ಅಳತೆಯ ಉಪಾಯ. ಪ್ರತಿಯೊಂದು ರೀಲಿನ ಹೊಟ್ಟೆಯೂ ಬೇರೆಬೇರೆ. ನೂಲು ಹೆಚ್ಚಾದರೆ ಹುರಿಯು ಅಂಚಿಗೆ ಉಜ್ಜಿ ಸಿಕ್ಕಿಕೊಳ್ಳುವುದು. ಕಡಮೆಯಾದರೆ ರೀಲು ಅರೆಹೊಟ್ಟೆಯಲ್ಲಿರುವುದು. ಅರೆಹೊಟ್ಟೆಯಿಂದ ಎರಡು ನಷ್ಟಗಳು. ಸಣ್ಣ ಸುತ್ತಿನಲ್ಲಿ ಕುಳಿತ ಹುರಿಯು ಬುಗ್ಗೆಯಂತೆ ಸುರುಳಿಗಟ್ಟುವುದು ಒಂದು. ಮತ್ತೊಂದು ಲೆಕ್ಕದ ಮಾತು: ಎರಡೂವರೆ ಸೆಂಟಿಮೀಟರ್ ಅಡ್ಡಳತೆಯ ಬರಿಯ ದಿಂಡಿನ ಮೇಲೆ ಒಂದು ಸುತ್ತಿಗೆ ಎಂಟು ಸೆಂಟಿಮೀಟರಿನಷ್ಟು ಹುರಿ ಮಾತ್ರ ಒಳಗೆ ಬರುವುದು, ನೂಲು ತುಂಬಿ ಅಡ್ಡಳತೆ ಆರಾದರೆ ಅದೇ ಒಂದು ಸುತ್ತಿಗೆ ಹತ್ತೊಂಬತ್ತರಷ್ಟು ಬರುವುದು. ಮೀನು ನಮ್ಮ ಕಡೆಗೇ ನುಗ್ಗಿ ಬರುವಾಗ ಈ ವ್ಯತ್ಯಾಸವೇ ಅದನ್ನು ಉಳಿಸುವುದು ಅಥವಾ ಕಳೆಯುವುದು.

ಈಗ ನೂಲಿನ ಕತ್ತರಿಸಿದ ತುದಿಯನ್ನು ಅವನು ರೀಲಿನ ದಿಂಡಿಗೆ ಬಿಗಿದನು. ಗಂಟು ಸುಲಭವಾದುದು: ತುದಿಯನ್ನು ದಿಂಡಿನ ಸುತ್ತ ತಂದು, ನೂಲಿನ ಮೇಲೆಯೇ ಒಂದು ಸಾದಾ ಗಂಟು; ಅದು ಜಾರಿಹೋಗದಂತೆ ತುದಿಯಲ್ಲಿ ಇನ್ನೊಂದು ಗಂಟು. ತುಟಿಯಿಂದ ತೇವಮಾಡಿ ಎಳೆದರೆ ದಿಂಡನ್ನು ಕಚ್ಚಿ ಹಿಡಿಯುವುದು. ಆಮೇಲೆ ಸುತ್ತುವ ಕೆಲಸ. ಒಬ್ಬ ಹುಡುಗನು ಬಟ್ಟೆಯ ನಡುವೆ ನೂಲನ್ನು ಬಿಗಿಹಿಡಿದು ಬಿಡುತ್ತ ಬಂದನು. ಇವನು ಬೆರಳಿನಿಂದ ಎಡಬಲಕ್ಕೆ ಸರಿಸುತ್ತ, ಸುತ್ತಿನ ಪಕ್ಕಕ್ಕೆ ಸುತ್ತನ್ನು ಕೂಡಿಸುತ್ತ ತುಂಬಿದನು. ಸಡಿಲವಾಗಿ ಸುತ್ತಿದ ನೂಲು ನೋಡುವುದಕ್ಕೆ ಚೆನ್ನಾಗಿಯೇ ಇರುವುದು. ಆದರೆ ದೊಡ್ಡ ಮೀನು ಜಗ್ಗಿದಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಹುಗಿದುಕೊಂಡು ಸಿಕ್ಕಿಬೀಳುವುದು. ರೀಲು ಒಂದು ಕ್ಷಣ ನಿಂತರೂ ಸಾಕು, ಕೊಕ್ಕೆಯ ಬಳಿಯ ತೆಳುನೂಲು ತುಂಡಾಗುವುದು. ರಾಟೆಯ ಮುಂದೆ ಕುಳಿತು ಕದಿರಿಗೆ ನೂಲು ಸುತ್ತಿ ಅಭ್ಯಾಸವಿರುವ ನಮ್ಮ ಸೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ನೂಲೂ ಹುರಿಯೂ ಸೇರುವ ಗಂಟನ್ನು ಅವನು ಬಿಚ್ಚಿ ಹೊಸದಾಗಿ ಕಟ್ಟಿದನು. ಸಣ್ಣ ಕೊಳವೆಯೊಂದನ್ನು ಹುರಿಯ ತುದಿಗೆ ಸೇರಿಸಿ ಹಿಡಿದು, ನೂಲನ್ನು ಆರು ಸುತ್ತು ಹೊದಿಸಿ, ಕೊಳವೆಯೊಳಗಿಂದ ತುದಿಯನ್ನು ಹಾಯಿಸಿ, ಕೊಳವೆಯನ್ನು ಜಾರಿಸಿ ಬಿಗಿದನು. ಮೇಲೆ ಒಂದು ತೊಟ್ಟು ವಾರ್ನಿಷ್ ಬಿಟ್ಟನು. ಕೋಲಿನ ಸಣ್ಣ ಬಳೆಗಳಲ್ಲಿ ತಡೆಯದೆ ನುಸುಳಬೇಕಾದ ಗಂಟಿದು. ಕಡೆಯಲ್ಲಿ ಹುರಿಯ ಮುಂತುದಿಗೆ ಒಂಬತ್ತಡಿಯ ಪಾರದರ್ಶಕವಾದ ತಂತಿ; ಅದರ ತುದಿಯು ಹನ್ನೆರಡು ಪೌಂಡಿನದು. ಎಲ್ಲಕ್ಕಿಂತ ದುರ್ಬಲವಾದುದನ್ನು ಮೀನಿನ ಬಾಯಿಯ ಬಳಿಯೇ ಇಡಬೇಕೆಂದು ಅವನೆಂದನು. ಹಾಗಿದ್ದರೆ ಹರಿಯಲೇಬೇಕಾದ ಪ್ರಸಂಗದಲ್ಲಿ ಮೀನು ಕೊಕ್ಕೆಯೊಂದನ್ನು ಮಾತ್ರ ಹೊತ್ತೊಯ್ಯುವುದು. ಇಲ್ಲವಾದರೆ ನೂರಾರು ಗಜ ನೂಲನ್ನು ಎಳೆದುಕೊಂಡು ಹೋಗಿ ಬಂಡೆಗೆ ಸುತ್ತಿಕೊಂಡು ಸಾಯುವುದು.

ಬೆಳಗ್ಗೆ ಸಂಗಮದ ನೀರು ಎರಡು ಬಣ್ಣವಾಗಿತ್ತು. ಕಾಳಿಯದು ಹಿಮ ಕರಗಿದ ಬೂದಿಬಣ್ಣ, ಸರಯುವಿನದು ತಿಳಿಹಸುರು. ಆ ಎರಡರ ಗೆರೆಯ ಮೇಲೆ ಅವನು ಹುರಿಯನ್ನು ಬೀಸಿ ಬೀಸಿ ಇಳಿಸಿದನು. ಒಂದೂವರೆ ಗಂಟೆ ಏನೂ ಇಲ್ಲ. ಆಮೇಲೆ ಹುರಿಯು ನೀರಿನೊಳಗೆ ಒಮ್ಮೆ ನಿಂತಂತಾಯಿತು. ಮರುಕ್ಷಣದಲ್ಲಿ ರೀಲು ಚೀರಿತು. ದಪ್ಪ ಹುರಿಯು ನಾವು ಎಣಿಸುವಷ್ಟರಲ್ಲಿ ಮುಗಿದು, ಹಿಂದಿನ ಸಂಜೆ ಕಟ್ಟಿದ ಗಂಟು ಟಿಕ್ಕೆಂದು ಬಳೆಗಳನ್ನು ದಾಟಿ ಹೋಯಿತು. ಬಿಳಿಯ ನೂಲು ನೇಪಾಳದ ದಡದ ಕಡೆಗೆ ಓರೆಯಾಗಿ ಹೊರಟಿತು. ಅವನು ಮರಳಿನ ಮೇಲೆ ಓಡುತ್ತಿದ್ದನು. ಒಂದು ಅಂಗೈಯನ್ನು ರೀಲಿನ ಅಂಚಿಗೆ ಹಗುರವಾಗಿ ಒತ್ತಿದ್ದನು. ಎಲ್ಲಿಯೂ ತಡೆಯಲಿಲ್ಲ, ಎಲ್ಲಿಯೂ ಸಿಕ್ಕು ಬೀಳಲಿಲ್ಲ. ದಿಂಡಿನ ಮೇಲೆ ನೂಲು ಬೆರಳಗಲದಷ್ಟು ಉಳಿದಿರುವಾಗ ಮೀನು ಬಂಡೆಯೊಂದರ ಮರೆಯಲ್ಲಿ ನಿಂತಿತು. ನಾವೆಲ್ಲರೂ ಉಸಿರು ಬಿಟ್ಟೆವು.

ಅರ್ಧ ಗಂಟೆಯ ಮೇಲೆ ಅದು ದಡದ ಅಡಿನೀರಿಗೆ ಬಂದಿತು. ಒಂದೊಂದು ಚಿಪ್ಪೂ ಬೆಳ್ಳಿಯ ರೂಪಾಯಿಗಿಂತ ದೊಡ್ಡದು. ಬೆನ್ನು ಹಿತ್ತಾಳೆ, ಪಕ್ಕೆಯು ಹೊನ್ನು. ಅವನು ಕೈಗಳನ್ನು ನೀರಿನಲ್ಲಿ ಅದ್ದಿ, ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸಿ, ಮೀನನ್ನು ಮೇಲೆತ್ತದೆ ಪ್ರವಾಹಕ್ಕೆ ಮುಖಮಾಡಿ ಹಿಡಿದು, ಕಿವಿರುಗಳು ಚೆನ್ನಾಗಿ ಆಡತೊಡಗುವವರೆಗೆ ಕಾದು ಬಿಟ್ಟನು. ಅದು ಒಮ್ಮೆ ಬಾಲವನ್ನು ಬಡಿದು ಹಸುರು ನೀರಿನಲ್ಲಿ ಇಲ್ಲವಾಯಿತು. ಇಷ್ಟೆಲ್ಲ ಪಟ್ಟುದು ಬಿಡುವುದಕ್ಕಾಗಿಯೇ ಎಂದು ನಮ್ಮಲ್ಲೊಬ್ಬರು ಕೇಳಿದುದಕ್ಕೆ, ಸಿಡಿಮದ್ದಿನಿಂದ ಮೀನು ಕೊಲ್ಲುವವರು ಒಂದು ಮಡುವನ್ನೇ ಒಂದು ಗಳಿಗೆಯಲ್ಲಿ ಬರಿದುಮಾಡುವರೆಂದೂ, ಮೀನು ಬದುಕಿದ್ದರೆ ಅದನ್ನು ನೋಡಲು ಬರುವವರಿಂದ ಹಳ್ಳಿಯ ನಾಲ್ಕು ಮನೆಗಳು ಬದುಕುವುವೆಂದೂ ಅವನು ಉತ್ತರವಿತ್ತನು.

ಹೊನ್ನಿನ ಮಹಶೀರು ಉತ್ತರಾಖಂಡದ ರಾಜ್ಯಮೀನು. ಅಳಿವಿನ ಭಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿಯೂ ಅದರ ಹೆಸರಿದೆ. ನಮ್ಮ ಕಾವೇರಿಯ ಗೂನುಬೆನ್ನಿನ ಮಹಶೀರಿನ ಪಾಡು ಇದಕ್ಕಿಂತಲೂ ಕಷ್ಟ. ವಿಜ್ಞಾನಿಗಳು ಅದಕ್ಕೆ ಸರಿಯಾದ ಶಾಸ್ತ್ರೀಯ ನಾಮವನ್ನು ಗೊತ್ತುಮಾಡಿದ 2018ರಲ್ಲಿಯೇ ಅದು ಅತ್ಯಂತ ಅಪಾಯದ ವರ್ಗಕ್ಕೆ ಸೇರಿತು. ಪಂಚೇಶ್ವರಕ್ಕೆ ಇನ್ನೊಂದು ಚಿಂತೆಯೂ ಉಂಟು. ಭಾರತ, ನೇಪಾಳಗಳು 1996ರಲ್ಲಿ ಮಾಡಿಕೊಂಡ ಮಹಾಕಾಳೀ ಒಪ್ಪಂದದಲ್ಲಿ, ಸಂಗಮದ ಕೆಳಗಡೆ ಮುನ್ನೂರು ಮೀಟರಿಗೂ ಮೀರಿದ ಅಣೆಕಟ್ಟಿನ ಮಾತಿದೆ. ಅದು ಬಯಲಿಗೆ ನೀರನ್ನೂ ಎರಡು ದೇಶಗಳಿಗೆ ವಿದ್ಯುತ್ತನ್ನೂ ಕೊಡಬಹುದು. ಆದರೆ ಆ ಮರಳದಂಡೆ, ಗುಡಿ, ಎರಡು ಬಣ್ಣದ ನೀರಿನ ಗೆರೆ ಎಲ್ಲವೂ ಜಲಾಶಯದ ತಳಕ್ಕೆ ಇಳಿಯುವುವು. ದಡದ ಹಳ್ಳಿಗಳು ಬೇರೆ ನೆಲವನ್ನು ಅರಸಬೇಕಾಗುವುದು.

ಆ ಹೊಳೆಯನ್ನು ಹರಿಯುವ ಹೊಳೆಯಾಗಿಯೇ ಕಾಣಬೇಕೆನ್ನುವವರು ಮಳೆಗಾಲಕ್ಕೆ ಮುಂಚೆ ವಸಂತದಲ್ಲಾಗಲಿ, ಮಳೆ ಕಳೆದು ನೀರು ತಿಳಿಯಾದ ಮೇಲಾಗಲಿ ಹೋಗಬಹುದು. ಗಾಳ ಹಾಕುವವರು ಪರವಾನಗಿಯನ್ನು ಪಡೆದೇ ಹೋಗತಕ್ಕದ್ದು. ಹಾಕದವರೂ ದಡದಲ್ಲಿ ಕುಳಿತು ನೋಡಿದರೆ ನಷ್ಟವಿಲ್ಲ. ತಡಮಾಡದಿರುವುದು ಮಾತ್ರ ಲೇಸು.