ಆಂಗ್ಲರ ಹಬ್ಬವೂ ಅವರ ಟೆಲಿವಿಷನ್ನೂ

“ಈ ವರ್ಷ ನೋಡತಕ್ಕದ್ದೇನೂ ಇಲ್ಲ” ಎಂಬ ಮಾತು ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಹಬ್ಬದ ಒಂದು ಅಂಗವೇ ಆಗಿದೆ. ಹಬ್ಬದೂಟಕ್ಕೆ ಟರ್ಕಿ ಕೋಳಿಯೂ ಪುಡಿಂಗೂ ಹೇಗೆ ತಪ್ಪವೋ ಹಾಗೆಯೇ ಟೆಲಿವಿಷನ್ನಿನ ಮೇಲಣ ಈ ದೂರೂ ತಪ್ಪದು. ಹಿಂದೆ ಎಲ್ಲವೂ ಚೆನ್ನಾಗಿತ್ತು, ಈಗ ತೋರಿಸಿದ್ದನ್ನೇ ಮತ್ತೆ ಮತ್ತೆ ತೋರಿಸುವರು, ಹೊಸದಾಗಿ ಮಾಡಿದ್ದರಲ್ಲಿ ಹುರುಳಿಲ್ಲ ಎಂದು ಆ ದೂರು ಸಾಗುವುದು. ನನ್ನ ಮಗಳೂ ಅಳಿಯಂದಿರೂ ಲೆಸ್ಟರ್ ಪಟ್ಟಣದಲ್ಲಿ ಮನೆ ಮಾಡಿಕೊಂಡಿರುವುದರಿಂದ ೨೦೨೩ ಮತ್ತು ೨೦೨೪ನೆಯ ಇಸವಿಗಳ ಚಳಿಗಾಲವನ್ನು ನಾನು ಅಲ್ಲಿ ಕಳೆದೆನು. ಎರಡು ಸಲವೂ ಈ ಮಾತನ್ನು ಅಂಗಡಿಯಲ್ಲಿಯೂ ಉದ್ಯಾನದ ಬೆಂಚಿನ ಮೇಲೂ ನೆರೆಮನೆಯಲ್ಲಿಯೂ ಕೇಳಿದೆನು. ಇದರಲ್ಲಿ ನಿಜವೆಷ್ಟು, ವಯೋಧರ್ಮದ ಗೊಣಗಾಟವೆಷ್ಟು ಎಂದು ವಿಚಾರಿಸಿ ನೋಡುವ ಕುತೂಹಲ ನನಗೆ ಆಗ ಹುಟ್ಟಿತು.

ಮೊದಲಿಗೆ, ಒಂದು ಹಬ್ಬಕ್ಕೂ ಒಂದು ಯಂತ್ರಕ್ಕೂ ಇಷ್ಟು ನಂಟು ಬೆಳೆದುದು ಹೇಗೆಂಬುದನ್ನು ತಿಳಿಯಬೇಕು. ನಮ್ಮ ಹಬ್ಬಗಳು ಅಂಗಳಕ್ಕೂ ಬೀದಿಗೂ ದೇವಸ್ಥಾನಕ್ಕೂ ಹರಿಯತಕ್ಕವು. ಅವರ ಈ ಹಬ್ಬವಾದರೋ ಮನೆಯೊಳಗಿನದು. ಡಿಸೆಂಬರ್ ೨೫ರಂದು ಅಲ್ಲಿ ಸಾಯಂಕಾಲ ನಾಲ್ಕು ಗಂಟೆಗೆಲ್ಲ ಕತ್ತಲಾಗುವುದು. ರೈಲುಗಾಡಿಗಳು ಬಹುಮಟ್ಟಿಗೆ ನಿಂತೇ ಹೋಗುವುವು. ದೊಡ್ಡ ಅಂಗಡಿಗಳು ಆ ದಿನ ಬಾಗಿಲು ತೆರೆಯಕೂಡದೆಂದು ೨೦೦೪ರಲ್ಲಿ ಕಾನೂನೇ ಆಗಿದೆ. ಮಧ್ಯಾಹ್ನದ ಭಾರಿ ಊಟ ಮುಗಿದ ಮೇಲೆ ಅಜ್ಜ, ಅಜ್ಜಿ, ಬೀಗರು, ಮೊಮ್ಮಕ್ಕಳು ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತಿರಬೇಕು. ಹೊರಗೆ ಹೋಗಲು ಎಡೆಯಿಲ್ಲ. ಒಳಗೆ ಮಾತು ಬೆಳೆದರೆ ಹಳೆಯ ಜಗಳಗಳು ಏಳುವ ಭಯ. ಇಂತಹ ಸಮಯದಲ್ಲಿ ಎಲ್ಲರ ಕಣ್ಣಿಗೂ ಒಂದು ನೆಲೆ ಬೇಕಾಗುವುದು ಸಹಜವೇ ಸರಿ.

ಈ ನೆಲೆಯನ್ನು ಮೊದಲು ಒದಗಿಸಿದ್ದು ರೇಡಿಯೋ. ೧೯೩೨ರ ಕ್ರಿಸ್‌ಮಸ್ ದಿನ ಐದನೆಯ ಜಾರ್ಜ್ ದೊರೆ ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಯಿಂದ ತನ್ನ ಪ್ರಜೆಗಳನ್ನು ಉದ್ದೇಶಿಸಿ ಮಾತನಾಡಿದನು. ಆ ಭಾಷಣವನ್ನು ಬರೆದುಕೊಟ್ಟವನು ರಡ್ಯಾರ್ಡ್ ಕಿಪ್ಲಿಂಗ್. ಬಿ.ಬಿ.ಸಿ.ಯ ಟೆಲಿವಿಷನ್ ೧೯೩೬ರಲ್ಲಿ ಆರಂಭವಾಗಿ, ಯುದ್ಧದ ನಿಮಿತ್ತ ೧೯೩೯ರಲ್ಲಿ ನಿಂತು, ೧೯೪೬ರಲ್ಲಿ ಮರಳಿ ನಡೆಯಿತು. ೧೯೫೭ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಹಬ್ಬದ ಸಂದೇಶವನ್ನು ಜನರು ಮೊದಲ ಬಾರಿಗೆ ಕೇಳಿದ್ದಲ್ಲದೆ ಕಣ್ಣಾರೆ ಕಂಡರು. ಅಪರಾಹ್ನ ಮೂರು ಗಂಟೆಗೆ ಆ ಸಂದೇಶಕ್ಕಾಗಿ ಪೆಟ್ಟಿಗೆಯ ಮುಂದೆ ಕೂಡುವುದು ಅನೇಕ ಮನೆಗಳಲ್ಲಿ ಹಬ್ಬದ ವಿಧಿಯಂತೆ ಬೆಳೆಯಿತು. ಸಂದೇಶ ಮುಗಿದರೂ ಜನರು ಏಳಲಿಲ್ಲ. ಮುಂದೇನೆಂದು ನೋಡುತ್ತ ರಾತ್ರಿಯವರೆಗೂ ಕುಳಿತರು.

ಹಿಂದಿನದು ಚೆನ್ನಾಗಿತ್ತೆನ್ನುವವರು ಮುಖ್ಯವಾಗಿ ಹೆಸರಿಸುವುದು ಮೋರ್ಕಂಬ್ ಮತ್ತು ವೈಸ್ ಎಂಬ ಇಬ್ಬರು ಹಾಸ್ಯಗಾರರನ್ನು. ೧೯೭೧ರ ಕ್ರಿಸ್‌ಮಸ್ಸಿಗೆ ಅವರು ಮಾಡಿದ ಒಂದು ಪ್ರಹಸನವನ್ನು ನಾನು ಲೆಸ್ಟರಿನಲ್ಲಿ ನೋಡಿದೆನು. (ಹಳೆಯದನ್ನು ಮತ್ತೆ ತೋರಿಸುವ ಪದ್ಧತಿಯನ್ನು ಎಲ್ಲರೂ ಹಳಿದರೂ ನನಗೆ ಅದು ದೊರೆತದ್ದು ಆ ಪದ್ಧತಿಯಿಂದಲೇ.) ಆಂದ್ರೆ ಪ್ರೆವಿನ್ ಎಂಬ ಪ್ರಸಿದ್ಧ ಸಂಗೀತಜ್ಞನು ವಾದ್ಯವೃಂದವನ್ನು ನಡೆಸುತ್ತಿದ್ದಾನೆ, ಎರಿಕ್ ಮೋರ್ಕಂಬ್ ಮಹಾಗಾಂಭೀರ್ಯದಿಂದ ಪಿಯಾನೋ ಮುಂದೆ ಕುಳಿತು ಗ್ರೀಗ್ ಎಂಬಾತನ ಕೃತಿಯನ್ನು ಹಾಳುಗೆಡಹುತ್ತಾನೆ. ತಪ್ಪು ಸ್ವರಗಳನ್ನು ನುಡಿಸುತ್ತಿದ್ದೀಯೆ ಎಂದು ಆಕ್ಷೇಪಿಸಿದರೆ, ಸ್ವರಗಳೆಲ್ಲ ಸರಿಯಾದುವೇ, ಅನುಕ್ರಮ ಮಾತ್ರ ಬೇರೆಯಾಗಿರಬಹುದು ಎಂಬ ಸಮಾಧಾನ ಹೇಳುತ್ತಾನೆ. ಇದನ್ನು ಕೇಳಿ ನಾನು ನಕ್ಕಷ್ಟು ಮನೆಯಲ್ಲಿ ಬೇರಾರೂ ನಗಲಿಲ್ಲ. ಶ್ಲೋಕದ ಅನ್ವಯವನ್ನು ತಲೆಕೆಳಗು ಮಾಡಿ, “ಪದಗಳೆಲ್ಲ ಬಂದಿವೆಯಲ್ಲ ಸಾರ್” ಎಂದು ವಾದಿಸುತ್ತಿದ್ದ ಹುಡುಗರನ್ನು ಮೂವತ್ತು ವರ್ಷ ಕಂಡವನಿಗೆ ಎರಿಕ್ ಮೋರ್ಕಂಬ್ ಅಪರಿಚಿತನಾಗುವುದು ಹೇಗೆ?

ಈ ಇಬ್ಬರ ೧೯೭೭ರ ಕ್ರಿಸ್‌ಮಸ್ ಕಾರ್ಯಕ್ರಮವನ್ನು ಎರಡು ಕೋಟಿಗೂ ಮಿಕ್ಕಿದ ಜನರು ನೋಡಿದರು. ಬ್ರಿಟನ್ನಿನ ಅಂದಿನ ಜನಸಂಖ್ಯೆ ಸುಮಾರು ಐದೂವರೆ ಕೋಟಿ. ೧೯೮೮ರಲ್ಲಿ ‘ರೇಡಿಯೋ ಟೈಮ್ಸ್’ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಯ ಒಂದು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದುವು. ಕಾರ್ಯಕ್ರಮಗಳ ಪಟ್ಟಿಯನ್ನು ಕೊಂಡು ತಂದು, ನೋಡಬೇಕಾದ್ದಕ್ಕೆ ಲೇಖನಿಯಿಂದ ಸುತ್ತು ಹಾಕಿಡುವುದು ಅಲ್ಲಿಯ ಗೃಹಸ್ಥರ ಪದ್ಧತಿ. ಜನರು ಹೀಗೆ ಕೂಡಿ ನೋಡುತ್ತಿದ್ದರೆಂಬುದಕ್ಕೆ ವಿದ್ಯುತ್ತಿನವರ ಸಾಕ್ಷ್ಯವೂ ಉಂಟು. ಜನಪ್ರಿಯವಾದ ಕಾರ್ಯಕ್ರಮವೊಂದು ಮುಗಿದೊಡನೆ ಲಕ್ಷಾಂತರ ಮನೆಗಳಲ್ಲಿ ಒಮ್ಮೆಗೇ ಎದ್ದು ಚಹಕ್ಕೆ ನೀರು ಕಾಯಿಸುವ ವಿದ್ಯುತ್ ಕೆಟಲುಗಳನ್ನು ಹಾಕುವರು. ಆ ಹಠಾತ್ತಾದ ಬೇಡಿಕೆಯನ್ನು ತಡೆದುಕೊಳ್ಳಲು ಎಂಜಿನಿಯರುಗಳು ಕಾರ್ಯಕ್ರಮಗಳ ಪಟ್ಟಿಯನ್ನೇ ಮುಂದಿಟ್ಟುಕೊಂಡಿರುವರು. ವೇಲ್ಸ್ ಸೀಮೆಯ ದಿನೋರ್ವಿಗ್ ಎಂಬಲ್ಲಿ ಬೆಟ್ಟದೊಳಗೆ ಕಟ್ಟಿ ೧೯೮೪ರಲ್ಲಿ ಆರಂಭಿಸಿದ ಜಲವಿದ್ಯುದಾಗಾರವು ಮೇಲಿನ ಸರೋವರದಿಂದ ನೀರನ್ನು ಬಿಟ್ಟು ಕೆಲವೇ ಸೆಕೆಂಡುಗಳಲ್ಲಿ ಇಂತಹ ಬೇಡಿಕೆಗೆ ಒದಗಬಲ್ಲದು. ಒಂದು ಹಾಸ್ಯನಾಟಕ ಮುಗಿದರೆ ಬೆಟ್ಟದ ಮೇಲಿನ ನೀರು ಇಳಿಯಬೇಕು! ಒಂದು ದೇಶವು ಒಟ್ಟಿಗೆ ಕುಳಿತು ಒಟ್ಟಿಗೆ ಏಳುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಹಾಗಾದರೆ ಅಂದಿನ ಕಾರ್ಯಕ್ರಮಗಳೆಲ್ಲ ಉತ್ತಮವಾಗಿದ್ದುವೆಂದೇ ಇದರ ಅರ್ಥವೆ? ಹಾಗೆ ಹೇಳಲಾಗದು. ೧೯೭೭ರಲ್ಲಿ ಅವರಿಗಿದ್ದುವು ಮೂರೇ ವಾಹಿನಿಗಳು: ಬಿ.ಬಿ.ಸಿ.ಯ ಎರಡು, ಐ.ಟಿ.ವಿ.ಯ ಒಂದು. ಮೂರು ಬಾವಿಗಳಿರುವ ಊರಿನಲ್ಲಿ ಬಾವಿಕಟ್ಟೆಯ ಮೇಲೆ ಗುಂಪು ಸೇರುವುದು ನೀರಿನ ಸಿಹಿಯೊಂದರಿಂದಲೇ ಅಲ್ಲ. ನಾಲ್ಕನೆಯ ವಾಹಿನಿ ೧೯೮೨ರಲ್ಲಿ ಬಂದಿತು. ಆಮೇಲೆ ವಿಡಿಯೋ ಯಂತ್ರಗಳು, ಉಪಗ್ರಹದ ವಾಹಿನಿಗಳು ಬಂದುವು. ಕೊನೆಗೆ, ಯಾರು ಏನನ್ನು ಯಾವಾಗ ಬೇಕಾದರೂ ನೋಡಬಹುದೆಂಬ ಬಿ.ಬಿ.ಸಿ.ಯ ‘ಐಪ್ಲೇಯರ್’ ಏರ್ಪಾಡು ವಿಧ್ಯುಕ್ತವಾಗಿ ಆರಂಭವಾದದ್ದು ೨೦೦೭ರ ಡಿಸೆಂಬರ್ ೨೫ರಂದು. ಎಲ್ಲರೂ ಒಂದೇ ಹೊತ್ತಿನಲ್ಲಿ ಕೂಡಬೇಕೆಂಬ ಕಟ್ಟನ್ನು ಸಡಿಲಿಸಿದ ಉಪಾಯವು ಆ ಹಬ್ಬದ ದಿನವೇ ಮನೆಮನೆಗೆ ಬಂದದ್ದು ವಿಚಿತ್ರವಲ್ಲವೆ?

ಗುಣವನ್ನು ಅಳೆಯುವುದಕ್ಕೆ ನೋಡಿದವರ ಲೆಕ್ಕವೊಂದೇ ಸಾಲದು. ೧೯೮೬ರ ಕ್ರಿಸ್‌ಮಸ್ ರಾತ್ರಿ ‘ಈಸ್ಟ್‌ಎಂಡರ್ಸ್’ ಎಂಬ ಧಾರಾವಾಹಿಯಲ್ಲಿ ಗಂಡನು ಹೆಂಡತಿಯ ಕೈಗೆ ವಿಚ್ಛೇದನೆಯ ಕಾಗದವನ್ನು ಕೊಟ್ಟನು. ಮರುಪ್ರಸಾರವನ್ನೂ ಸೇರಿಸಿ ಅದನ್ನು ನೋಡಿದವರು ಮೂರು ಕೋಟಿಗೂ ಮೇಲೆ. ಅಂದಿನಿಂದ ಹಬ್ಬದ ದಿನವೇ ಧಾರಾವಾಹಿಗಳಲ್ಲಿ ಮದುವೆ ಮುರಿಯುವುದು, ಗುಟ್ಟು ರಟ್ಟಾಗುವುದು, ಯಾರಾದರೊಬ್ಬರು ಸಾಯುವುದು ಒಂದು ಸಂಪ್ರದಾಯವಾಗಿ ಬೇರೂರಿತು. ೨೦೧೨ರಲ್ಲಿ ‘ಡೌನ್‌ಟನ್ ಅಬಿ’ ಎಂಬ ಕಥೆಯ ನಾಯಕನು, ಆಗತಾನೆ ಹುಟ್ಟಿದ ಮಗನ ಮುಖವನ್ನು ನೋಡಿ ಹಿಂದಿರುಗುವಾಗ, ಕಾರು ಉರುಳಿ ಸತ್ತನು. ಅದೂ ಕ್ರಿಸ್‌ಮಸ್ ರಾತ್ರಿಯಲ್ಲಿಯೇ. ಹಬ್ಬದಲ್ಲಿ ದುಃಖದ ನೆನಪೇ ಕೂಡದೆಂದು ನಾನು ಹೇಳುವುದಿಲ್ಲ. ಆದರೆ ಕರುಣರಸಕ್ಕೂ ಉದ್ವೇಗಕ್ಕೂ ಭೇದವುಂಟು. ರೇಮಂಡ್ ಬ್ರಿಗ್ಸ್ ಎಂಬ ಚಿತ್ರಕಾರನ ಪುಸ್ತಕದಿಂದ ಮಾಡಿ ೧೯೮೨ರಲ್ಲಿ ಪ್ರಸಾರವಾದ ‘ದಿ ಸ್ನೋಮನ್’ ಎಂಬ ಚಿತ್ರದಲ್ಲಿಯೂ ಅಗಲಿಕೆಯುಂಟು. ಹುಡುಗನು ಮಾಡಿದ ಹಿಮದ ಮನುಷ್ಯನಿಗೆ ರಾತ್ರಿಯಲ್ಲಿ ಜೀವ ಬಂದು, ಇಬ್ಬರೂ ಆಕಾಶದಲ್ಲಿ ಹಾರಿಬಂದು, ಬೆಳಗಾದಾಗ ಅವನು ಕರಗಿಹೋಗಿರುತ್ತಾನೆ. ಅರ್ಧ ಗಂಟೆಗೂ ಕಡಮೆಯ ಚಿತ್ರ. ಒಂದು ಹಾಡನ್ನು ಬಿಟ್ಟರೆ ಪಾತ್ರಗಳಿಗೆ ಮಾತೇ ಇಲ್ಲ. ಏಳು ವರ್ಷದ ಮೊಮ್ಮಗನೂ ನಾನೂ ಅದನ್ನು ನೋಡಿ ಒಂದೇ ಬಗೆಯಾಗಿ ಮೌನವಾದೆವು. ಅವನಿಗೆ ಕನ್ನಡ ಅಷ್ಟಕ್ಕಷ್ಟೆ. ನನಗೆ ಅವನ ಇಂಗ್ಲಿಷಿನ ವೇಗ ಹಿಡಿಯದು. ಆ ಹೊತ್ತಿನಲ್ಲಿ ಇಬ್ಬರಿಗೂ ಭಾಷೆಯ ಅಗತ್ಯ ತೋರಲಿಲ್ಲ.

ಭರತಮುನಿಯ ಶಾಸ್ತ್ರವನ್ನು ಓದಿದವರಿಗೆ ನಾಟ್ಯದ ಮೊದಲ ಪ್ರಯೋಗವು ಒಂದು ಹಬ್ಬದಲ್ಲಿಯೇ, ಇಂದ್ರಧ್ವಜದ ಉತ್ಸವದಲ್ಲಿ, ನಡೆಯಿತೆಂಬ ಕಥೆ ನೆನಪಿರಬಹುದು. ದಣಿದವರಿಗೂ ದುಃಖಿಗಳಿಗೂ ವಿಶ್ರಾಂತಿ ಕೊಡುವುದು, ಭಿನ್ನ ಅಭಿರುಚಿಯವರನ್ನು ಒಂದೆಡೆಯಲ್ಲಿ ತಣಿಸುವುದು ನಾಟ್ಯದ ಗುಣವೆಂದು ನಮ್ಮ ಪ್ರಾಚೀನರು ಬಗೆದಿದ್ದರು. ಹಬ್ಬದ ಕಾರ್ಯಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಕಾಣದು. ಈ ಒರೆಗಲ್ಲಿಗೆ ಹಚ್ಚಿದರೆ, ಪುನಃಪ್ರಸಾರವೆಂಬುದು ತಾನಾಗಿಯೇ ದೋಷವಲ್ಲವೆಂದು ತೋರುವುದು. ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಕ್ರಿಸ್‌ಮಸ್ ಗೀತೆಗಳನ್ನು ಹಾಡುವ ಸೇವೆ ೧೯೧೮ರಿಂದ ನಡೆದುಬಂದಿದೆ. ೧೯೨೮ರಲ್ಲಿ ಅದು ರೇಡಿಯೋಗೂ ೧೯೫೪ರಲ್ಲಿ ಟೆಲಿವಿಷನ್ನಿಗೂ ಬಂದಿತು. ಒಬ್ಬ ಬಾಲಕನ ಒಂಟಿ ಕಂಠದಿಂದ ಆರಂಭವಾಗುವ ಆ ಗಾನವನ್ನು ವರ್ಷವರ್ಷವೂ ಕೇಳಿದವರು, ಹೋದ ವರ್ಷದಂತೆಯೇ ಇದೆಯೆಂದು ದೂರುವುದಿಲ್ಲ. ಹೋದ ವರ್ಷದಂತೆಯೇ ಇರಲೆಂದೇ ಕೇಳುವರು. ಹಬ್ಬದ ಆವೃತ್ತಿ ಬೇರೆ, ಹೊತ್ತು ತುಂಬಿಸಲು ಹಳಸಿದ್ದನ್ನು ಬಡಿಸುವುದು ಬೇರೆ.

ನಮ್ಮ ನೆರೆಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಆಂಗ್ಲ ವೃದ್ಧೆಯಿದ್ದರು. ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದುವು; ಮಗನು ಆಸ್ಟ್ರೇಲಿಯಾದಲ್ಲಿ. ೧೯೭೭ರ ಆ ರಾತ್ರಿಯನ್ನು ಆಕೆ ಚೆನ್ನಾಗಿ ಬಲ್ಲರು. ಹದಿಮೂರು ಜನ ಒಂದು ಕೋಣೆಯಲ್ಲಿದ್ದರಂತೆ. ಮಕ್ಕಳು ನೆಲದ ಮೇಲೆ. “ಆಗಲೂ ನಮ್ಮ ಮಾವನವರು, ಈ ವರ್ಷ ನೋಡತಕ್ಕದ್ದೇನೂ ಇಲ್ಲವೆಂದೇ ಹೇಳುತ್ತಿದ್ದರು” ಎಂದು ಆಕೆ ನಕ್ಕರು. ಈಗ ಹಬ್ಬದ ದಿನ ಬೆಳಗಿನಿಂದ ರಾತ್ರಿಯವರೆಗೆ ಟೆಲಿವಿಷನ್ ಹಾಕಿಯೇ ಇಟ್ಟಿರುವರಂತೆ. “ಅದು ನನ್ನೊಡನೆ ಮಾತನಾಡುತ್ತದೆ ನಿಜ, ಆದರೆ ನಾನು ನಕ್ಕರೆ ಅದಕ್ಕೆ ಕೇಳಿಸುವುದಿಲ್ಲವಲ್ಲ” ಎಂದರು. ಕಾರ್ಯಕ್ರಮಗಳ ಗುಣದ ವಿಷಯದಲ್ಲಿ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಆಳವಾದುದು ಬೇರೊಂದಿಲ್ಲ. ಮಕ್ಕಳು ಸಮುದ್ರದಾಚೆ ನೆಲಸಿ, ಹಬ್ಬದ ದಿನ ಪೆಟ್ಟಿಗೆಯ ಮುಂದೆ ಇಬ್ಬರೇ, ಅಥವಾ ಒಬ್ಬರೇ, ಕುಳಿತಿರುವ ತಂದೆತಾಯಿಗಳು ನಮ್ಮ ಮೈಸೂರಿನ ಬೀದಿಗಳಲ್ಲಿಯೂ ಇಲ್ಲದಿಲ್ಲ.

೨೦೨೪ರ ಕ್ರಿಸ್‌ಮಸ್ ರಾತ್ರಿ ನನ್ನ ಮಗಳು ಅವರನ್ನು ಊಟಕ್ಕೆ ಕರೆದಳು. ಅವರು ಸುತ್ತು ಹಾಕಿದ್ದ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಬಂದರು. ಅಂದು ‘ಗ್ಯಾವಿನ್ ಅಂಡ್ ಸ್ಟೇಸಿ’ ಎಂಬ ಹಾಸ್ಯಕಥೆಯ ಕೊನೆಯ ಭಾಗವಿತ್ತು. ಎಸೆಕ್ಸಿನ ಹುಡುಗನಿಗೂ ವೇಲ್ಸಿನ ಹುಡುಗಿಗೂ ಮದುವೆಯಾಗಿ, ಎರಡು ಕಡೆಯ ಬೀಗರೂ ಗೆಳೆಯರೂ ಒಬ್ಬರನ್ನೊಬ್ಬರು ಸಹಿಸಿಕೊಳ್ಳುವ ಕಥೆ. ಬೀಗರ ಸಂಗತಿಯಾದ್ದರಿಂದ ನನಗೆ ವ್ಯಾಖ್ಯಾನ ಹೆಚ್ಚು ಬೇಕಾಗಲಿಲ್ಲ. ಹಿಂದಿನ ಭಾಗ ೨೦೧೯ರಲ್ಲಿ ಒಂದು ಪ್ರಶ್ನೆಯನ್ನು ಅರ್ಧಕ್ಕೇ ನಿಲ್ಲಿಸಿತ್ತು. ಅದರ ಉತ್ತರಕ್ಕಾಗಿ ಆ ಜನ ಐದು ವರ್ಷ ಕಾದಿದ್ದರು. ಅಂದು ರಾತ್ರಿಯೇ ಅದನ್ನು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ನೂರಾರು ವಾಹಿನಿಗಳ ಈ ಕಾಲದಲ್ಲಿ ಇದು ಸಾಮಾನ್ಯವಲ್ಲ. ಒಂದೂವರೆ ಗಂಟೆಯ ಕಾಲ ನಮ್ಮ ಮನೆಯಲ್ಲಿ ಯಾರೂ ಫೋನನ್ನು ಮುಟ್ಟಲಿಲ್ಲ. ಆ ವೃದ್ಧೆ ನಕ್ಕಾಗ ನಾವು ಕೇಳಿದೆವು. ಅವರೇಕೆ ನಕ್ಕರೆಂದು ಮೊಮ್ಮಗನು ಕೇಳಿದನು. ಅವರು ಅವನಿಗೆ ವಿವರಿಸಿದರು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಒಳ್ಳೆಯದನ್ನು ಮಾಡುವ ಶಕ್ತಿ ಆ ದೇಶದವರಲ್ಲಿ ಬತ್ತಿಲ್ಲ. ಹಿಂದೆ ಮೂರು ವಾಹಿನಿಗಳ ಬಡತನವು ಜನರನ್ನು ತಾನಾಗಿಯೇ ಕೂಡಿಸುತ್ತಿತ್ತು. ಈಗ ಆ ಕೆಲಸವನ್ನು ಮನೆಯವರೇ ಬುದ್ಧಿಪೂರ್ವಕವಾಗಿ ಮಾಡಬೇಕಾಗಿದೆ. ಕಾರ್ಯಕ್ರಮ ಮಾಡುವವರು ಅಜ್ಜಿ ಮೊಮ್ಮಗ ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಒಂದೆರಡು ಗಂಟೆಯ ಕೆಲಸವನ್ನಾದರೂ ಶ್ರದ್ಧೆಯಿಂದ ಮಾಡಲಿ. ಗೃಹಸ್ಥರು ಪಟ್ಟಿಯಲ್ಲಿ ಒಂದೇ ಒಂದಕ್ಕೆ ಸುತ್ತು ಹಾಕಿ, ಅದನ್ನು ಎಲ್ಲರೂ ಕುಳಿತು ನೋಡುವಂತೆ ಮಾಡಲಿ. ಪಕ್ಕದ ಮನೆಯಲ್ಲಿ ಒಂಟಿಯಾಗಿ ದೀಪ ಉರಿಯುತ್ತಿದ್ದರೆ ಅಲ್ಲಿಯವರಿಗೂ ಒಂದು ಕುರ್ಚಿಯನ್ನು ಹಾಕಿಡಲಿ. ಇಷ್ಟಾದ ಮೇಲೆ ಕಾರ್ಯಕ್ರಮ ಸಪ್ಪೆಯಾಗಿದ್ದರೆ ಎಲ್ಲರೂ ಒಟ್ಟಿಗೆ ಸೇರಿ ಬೈಯಬಹುದು. ಅದರಲ್ಲಿಯೂ ಒಂದು ಸುಖವುಂಟು.